ಮಠ ಬಂತು, ಹಳ್ಳಿ ಎದ್ದುಹೋಯಿತು: ಓಲ್ಡ್ ಬೈಲಂಡ್ ಮತ್ತು ರೀವೋ ಕುರಿತ ಅಧ್ಯಯನ ಟಿಪ್ಪಣಿ

ಇಂಗ್ಲೆಂಡಿನ ಉತ್ತರ ಯಾರ್ಕ್‌ಶೈರಿನಲ್ಲಿ ಹೆಲ್ಮ್ಸ್‌ಲಿ ಎಂಬ ಪೇಟೆಯಿದೆ. ಅದರ ವಾಯವ್ಯಕ್ಕೆ, ರೈ ನದಿಯ ಕಿರಿದಾದ ಕಣಿವೆಯಲ್ಲಿ ರೀವೋ ಮಠದ ಪಾಳುಗೋಡೆಗಳು ನಿಂತಿವೆ. ಅಲ್ಲಿಂದ ಸುಮಾರು 3 ಕಿ.ಮೀ. ದೂರದಲ್ಲಿ, ನದಿಯಾಚೆಯ ಎತ್ತರದಲ್ಲಿ ಓಲ್ಡ್ ಬೈಲಂಡ್ ಎಂಬ ಪುಟ್ಟ ಹಳ್ಳಿ. ಮಠದ ಕಡೆಯಿಂದ ನಮಗೆ ದಾನಪತ್ರ, ಮಠಾಧಿಪತಿಯ ಜೀವನಚರಿತ್ರೆ, ಒಪ್ಪಂದ, ಲೆಕ್ಕ ಎಲ್ಲವೂ ಸಿಗುತ್ತವೆ. ಹಳ್ಳಿಯ ಕಡೆಯಿಂದ ಬರೆದದ್ದು ಒಂದೂ ಇಲ್ಲ. ಈ ಕಾಗದಗಳಲ್ಲಿ ಹಳ್ಳಿಯವರು ಕಾಣಿಸಿಕೊಳ್ಳುವುದು ಹೆಚ್ಚಾಗಿ ಅವರ ಜಮೀನು ಬೇಕಾದಾಗ ಅಥವಾ ಅವರನ್ನು ಎಬ್ಬಿಸಬೇಕಾದಾಗ. ಈ ಪಾಠವನ್ನು ಓದುವಾಗ ಈ ಓರೆಯನ್ನು ಮರೆತರೆ ಉಳಿದದ್ದೆಲ್ಲ ಮಠದ ಸ್ತುತಿಯಾಗಿಬಿಡುತ್ತದೆ.

‘ನಿರ್ಜನ’ ಜಾಗ ಎಲ್ಲಿಂದ ಬಂತು

ರೀವೋ ಸ್ಥಾಪನೆಯಾದದ್ದು 1132ರಲ್ಲಿ. ಫ್ರಾನ್ಸಿನ ಕ್ಲೇರ್ವೋ ಮಠದಿಂದ ಅಲ್ಲಿನ ಮಠಾಧಿಪತಿ ಬರ್ನಾರ್ಡ್ ಕಳಿಸಿದ ಸನ್ಯಾಸಿಗಳ ತಂಡಕ್ಕೆ ಹೆಲ್ಮ್ಸ್‌ಲಿಯ ಪ್ರಭು ವಾಲ್ಟರ್ ಎಸ್ಪೆಕ್ ಭೂಮಿ ಕೊಟ್ಟ. ಇವರು ಸಿಸ್ಟರ್ಷಿಯನ್ ಪಂಥದವರು. ಜನವಸತಿಯಿಂದ ದೂರ ಇರಬೇಕು. ಹಳ್ಳಿ, ಜೀತದ ರೈತರು, ಗೇಣಿ, ಚರ್ಚಿನ ದಶಾಂಶ ಇವುಗಳ ಆದಾಯದಲ್ಲಿ ಬದುಕಬಾರದು. ಕೈಯಾರೆ ದುಡಿದು ಉಣ್ಣಬೇಕು ಎಂಬುದು ಅವರ ಕಟ್ಟಳೆ.

ಪಠ್ಯಪುಸ್ತಕಗಳು ಇಲ್ಲಿಗೆ ನಿಲ್ಲಿಸಿ ‘ಕಾಡಿನಲ್ಲಿ ಮಠ ಕಟ್ಟಿದರು’ ಎಂದು ಮುಂದೆ ಹೋಗುತ್ತವೆ. ದಾನಪತ್ರವನ್ನೇ ಬಿಡಿಸಿ ನೋಡಿ. ಎಸ್ಪೆಕ್ ಕೊಟ್ಟದ್ದು ಒಂಬತ್ತು ಕ್ಯಾರುಕೇಟ್ ಭೂಮಿ: ಗ್ರಿಫ್‌ನಲ್ಲಿ ನಾಲ್ಕು, ಟೈಲ್‌ಸ್ಟನ್‌ನಲ್ಲಿ ಐದು. ಒಂದು ಕ್ಯಾರುಕೇಟ್ ಎಂದರೆ ಎಂಟು ಎತ್ತಿನ ನೇಗಿಲು ಒಂದು ವರ್ಷದಲ್ಲಿ ಉಳಬಲ್ಲಷ್ಟು ನೆಲ. ಲೆಕ್ಕಕ್ಕೆ 120 ಎಕರೆ ಎಂದು ಹಿಡಿಯುವುದು ರೂಢಿ, ನಿಜದ ಅಳತೆ ಊರಿಂದೂರಿಗೆ ಬೇರೆ. ಅಂದರೆ ಸುಮಾರು ಸಾವಿರ ಎಕರೆ ಉಳುಮೆ ನೆಲದ ಲೆಕ್ಕ. ಕಾಡನ್ನು ಯಾರೂ ಎತ್ತಿನ ನೇಗಿಲಲ್ಲಿ ಅಳೆಯುವುದಿಲ್ಲ. ಗ್ರಿಫ್ ಜನ ಇದ್ದ ಊರೇ. ಮಠದ ಕೈಗೆ ಬಂದ ಮೇಲೆ ಅದು ಗ್ರೇಂಜ್ ಆಯಿತು, ಅಂದರೆ ಮಠವೇ ನಡೆಸುವ ದೊಡ್ಡ ತೋಟದ ಮನೆ. ಇವತ್ತು ಅಲ್ಲಿ ಒಂದು ಫಾರಂ ಇದೆ, ಪಕ್ಕದ ಹುಲ್ಲುಗಾವಲಿನಲ್ಲಿ ಹಳೆಯ ಮನೆಗಳ ತಳಪಾಯದ ಉಬ್ಬುತಗ್ಗುಗಳಿವೆ.

ಎರಡು ಮಠಗಳ ಗಂಟೆ

ಓಲ್ಡ್ ಬೈಲಂಡಿನ ಕಥೆಯಲ್ಲಿ ಇದು ಇನ್ನೂ ಬಿಚ್ಚುಬಿಚ್ಚಾಗಿದೆ. ರಾಜ ಮಾಡಿಸಿದ 1086ರ ಭೂಸಮೀಕ್ಷೆಯಾದ ಡೂಮ್ಸ್‌ಡೇ ದಾಖಲೆಯಲ್ಲಿ ಬೈಲಂಡ್ ಎಂಬ ಊರು, ಅಲ್ಲೊಬ್ಬ ಪಾದ್ರಿ, ಒಂದು ಮರದ ಚರ್ಚ್ ಎಂದಿದೆ. ‘ಮರದ’ ಎಂದು ಬಿಡಿಸಿ ಹೇಳಿರುವುದು ಆ ದಾಖಲೆಯಲ್ಲಿ ಬಲು ಅಪರೂಪ.

ಆ ಕಡೆ ಕಂಬ್ರಿಯಾದ ಕಾಲ್ಡರ್‌ನಲ್ಲಿ ಸವಿನ್ಯಿ ಎಂಬ ಇನ್ನೊಂದು ಫ್ರೆಂಚ್ ಪಂಥದ ಸನ್ಯಾಸಿಗಳ ಚಿಕ್ಕ ಗುಂಪೊಂದು ನೆಲೆಸಿತ್ತು. 1138ರ ಸುಮಾರಿಗೆ ಸ್ಕಾಟರ ದಾಳಿಗೆ ಸಿಕ್ಕಿ ನೆಲೆ ಕಳೆದುಕೊಂಡಿತು. ಯಾರ್ಕ್‌ಶೈರಿನ ಪ್ರಭು ರಾಜರ್ ಡಿ ಮೌಬ್ರೆ ಮತ್ತು ಅವನ ತಾಯಿ ಗುಂಡ್ರೆಡಾ ಈ ಸನ್ಯಾಸಿಗಳಿಗೆ ಮೊದಲು ಹುಡ್ ಎಂಬಲ್ಲಿ ಜಾಗ ಕೊಟ್ಟರು, ಅದು ಇಕ್ಕಟ್ಟಾಯಿತು. 1143ರ ಹೊತ್ತಿಗೆ ಬೈಲಂಡ್ ಊರನ್ನೇ ಕೊಟ್ಟರು. ಸನ್ಯಾಸಿಗಳು ರೈ ನದಿಯ ಬಳಿಯ ಹಳೆಯ ಹಳ್ಳಿಯ ಜಾಗ ತಮಗಿಟ್ಟುಕೊಂಡು, ಹಳ್ಳಿಯವರನ್ನು ಮೇಲಿನ ಬಯಲಿಗೆ ಸಾಗಿಸಿದರು. ಈಗಿನ ಓಲ್ಡ್ ಬೈಲಂಡ್ ಆ ‘ಹೊಸ’ ಊರು. ಹಳೆಯದು ಇಂದಿನ ಟೈಲಸ್ ಫಾರಂ ಆಸುಪಾಸಿನಲ್ಲಿತ್ತು.

ಎಡವಟ್ಟಾದದ್ದು ಆಮೇಲೆ. ನದಿಯ ಆಚೆ ದಡದಲ್ಲಿ, ಎರಡು ಕಿ.ಮೀ. ಆಸುಪಾಸಿನಲ್ಲೇ ರೀವೋ. ಸನ್ಯಾಸಿಗಳ ದಿನಚರಿ ನಡೆಯುವುದೇ ಗಂಟೆಯ ಮೇಲೆ, ಹಗಲಿರುಳು ಸೇರಿ ದಿನಕ್ಕೆ ಎಂಟು ಪ್ರಾರ್ಥನೆ. ಇಬ್ಬರ ಗಂಟೆಯೂ ಇಬ್ಬರಿಗೂ ಕೇಳಿಸುತ್ತಿತ್ತು. ಇದು ಸರಿಹೋಗಲಿಲ್ಲ ಎಂದು ಬೈಲಂಡಿನ ಮಠಾಧಿಪತಿ ಫಿಲಿಪ್ 1197ರಲ್ಲಿ ತನ್ನ ಮಠದ ಹುಟ್ಟಿನ ಕಥೆ ಬರೆಯುವಾಗ ದಾಖಲಿಸಿದ್ದಾನೆ. ನಾಲ್ಕೇ ವರ್ಷಕ್ಕೆ, 1147ರಲ್ಲಿ, ಮಠ ಸ್ಟಾಕಿಂಗ್ ಎಂಬಲ್ಲಿಗೆ ಎದ್ದುಹೋಯಿತು. 1177ರಲ್ಲಿ ಕಾಕ್ಸ್‌ವೋಲ್ಡ್ ಊರಿನ ಹತ್ತಿರ, ಓಲ್ಡ್ ಬೈಲಂಡಿನಿಂದ ಏಳು ಕಿ.ಮೀ. ದಕ್ಷಿಣಕ್ಕೆ, ಕೊನೆಯ ನೆಲೆ ಕಂಡುಕೊಂಡಿತು. ಹಳ್ಳಿ ಮಾತ್ರ ಸಾಗಿಸಿದಲ್ಲೇ ಉಳಿಯಿತು. ಬಿಟ್ಟುಹೋದ ಜಾಗ ಗ್ರೇಂಜ್ ಆಯಿತು, ಹಳ್ಳಿಯವರಿಗೆ ಮರಳಲಿಲ್ಲ.

ಪರೀಕ್ಷೆಗೆ ಓದುವವರು ಜಾರುವ ಜಾಗ ಇದು: ಹಳೆಯ ಬೈಲಂಡ್ ಹಳ್ಳಿ, ಈಗಿನ ಓಲ್ಡ್ ಬೈಲಂಡ್ ಹಳ್ಳಿ, ನಾಲ್ಕು ವರ್ಷ ಇದ್ದ ಮಠ, ಇಂದು ಜನ ನೋಡಲು ಹೋಗುವ ಬೈಲಂಡ್ ಮಠ. ಹೆಸರು ಒಂದೇ, ಜಾಗ ಮೂರು. ಜೊತೆಗೆ 1147ರಲ್ಲೇ ಸವಿನ್ಯಿ ಪಂಥ ಸಿಸ್ಟರ್ಷಿಯನ್ನರಲ್ಲಿ ವಿಲೀನವಾಯಿತು. ಹಾಗಾಗಿ ಹಳ್ಳಿಯನ್ನು ಎಬ್ಬಿಸಿದಾಗ ಅವರು ಇನ್ನೂ ಸಿಸ್ಟರ್ಷಿಯನ್ನರಾಗಿರಲಿಲ್ಲ. ‘ಸಿಸ್ಟರ್ಷಿಯನ್ನರು ಓಲ್ಡ್ ಬೈಲಂಡನ್ನು ಎಬ್ಬಿಸಿದರು’ ಎಂದು ಬರೆದರೆ ಅದು ತಪ್ಪು.

ನೆಲದ ಮೇಲಿನ ಸಾಕ್ಷಿ ಏನು? ಓಲ್ಡ್ ಬೈಲಂಡಿನಲ್ಲಿ ಮನೆಗಳು ಆಯತಾಕಾರದ ಹುಲ್ಲಿನ ಬಯಲಿನ ಎರಡೂ ಬದಿಗೆ ಸಾಲಾಗಿವೆ. ತಾನಾಗಿ ಬೆಳೆದ ಊರು ಹೀಗೆ ಇರುವುದು ಕಡಿಮೆ. ಯಾರೋ ಹಗ್ಗ ಹಿಡಿದು ನಿವೇಶನ ಹಂಚಿದ್ದಾರೆ. ಇನ್ನು ಆಲ್ ಸೇಂಟ್ಸ್ ಚರ್ಚಿನ ಮುಖಮಂಟಪದ ಗೋಡೆಯಲ್ಲಿ ಒಂದು ಸೂರ್ಯಗಡಿಯಾರದ ಕಲ್ಲಿದೆ. ಸುಮರ್ಲೆಡಿಯ ಹೌಸ್‌ಕಾರ್ಲ್ ತನ್ನನ್ನು ಮಾಡಿದ ಎಂದು ಆ ಕಲ್ಲೇ ಹೇಳುವಂತೆ ಲ್ಯಾಟಿನ್ ಬರಹ. ಹೆಸರು ಸ್ಕ್ಯಾಂಡಿನೇವಿಯದ್ದು, ಹೌಸ್‌ಕಾರ್ಲ್ ಎಂದರೆ ಪ್ರಭುವಿನ ಮನೆಯ ಕಾವಲು ಭಟ. ಕಲ್ಲನ್ನು ಇಟ್ಟಿರುವುದು ತಲೆಕೆಳಗಾಗಿ. ನೆರಳು ತೋರಿಸಬೇಕಾದ ಕಲ್ಲನ್ನು ಬುಡಮೇಲು ಮಾಡಿ ಕೂರಿಸಿದವನಿಗೆ ಅದು ಬರೀ ಕಟ್ಟಡದ ಕಲ್ಲು. ಹಳೆಯ ಕಟ್ಟಡವೊಂದರ ಕಲ್ಲನ್ನು ಮರುಬಳಕೆ ಮಾಡಿದ್ದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಸಿಗುವುದು ಕಷ್ಟ.

ದಿಕ್ಕಿನ ಗೊಂದಲ ಮತ್ತು ನದಿಯ ಸ್ಥಳಾಂತರ

ರೀವೋ ನಕ್ಷೆ ಓದುವ ಮುನ್ನ ಒಂದು ಎಚ್ಚರಿಕೆ. ಚರ್ಚಿನ ಬಲಿಪೀಠ ಪೂರ್ವಕ್ಕಿರಬೇಕು ಎಂಬುದು ರೂಢಿ. ಇಲ್ಲಿ ಕಣಿವೆ ಉತ್ತರ ದಕ್ಷಿಣವಾಗಿ ಚಾಚಿದೆ, ಅಡ್ಡಕ್ಕೆ ಜಾಗವಿಲ್ಲ. ಅದಕ್ಕೇ ಚರ್ಚನ್ನೇ ತಿರುಗಿಸಿದ್ದಾರೆ. ಬಲಿಪೀಠದ ತುದಿ ನಿಜದಲ್ಲಿ ದಕ್ಷಿಣದ ಕಡೆಗಿದೆ. ಆದರೆ ಬಹುತೇಕ ವಿವರಣೆಗಳು ಆ ತುದಿಯನ್ನೇ ‘ಪೂರ್ವ’ ಎಂದು ಕರೆಯುತ್ತವೆ. ಆ ಲೆಕ್ಕದಲ್ಲಿ ‘ದಕ್ಷಿಣ’ ಎಂದಿದ್ದರೆ ನಿಜದ ಪಶ್ಚಿಮ, ‘ಪಶ್ಚಿಮ’ ಎಂದಿದ್ದರೆ ನಿಜದ ಉತ್ತರ. ನೆಲ ನದಿಯ ಕಡೆಗೆ, ಅಂದರೆ ನಿಜದ ಪಶ್ಚಿಮಕ್ಕೆ ಇಳಿಯುತ್ತದೆ. ಸನ್ಯಾಸಿಗಳ ಊಟದ ಮನೆಯ ಕೆಳಗೆ ಇನ್ನೊಂದು ಅಂತಸ್ತು ಕಟ್ಟಿ ಎತ್ತರಿಸಿರುವುದು ಈ ಇಳಿಜಾರಿನ ಸಲುವಾಗಿ. ದಿಕ್ಸೂಚಿಯ ದಿಕ್ಕನ್ನು ಪೆನ್ಸಿಲಿನಲ್ಲಿ ಬರೆದುಕೊಂಡೇ ಮುಂದೆ ಓದಿ.

ಇಕ್ಕಟ್ಟಿಗೆ ಇನ್ನೊಂದು ಪರಿಹಾರ ನದಿಯನ್ನೇ ಸರಿಸುವುದು. ರೈ ನದಿ ಎರಡು ಮಠಗಳ ಭೂಮಿಯ ಗಡಿ. ಬೈಲಂಡಿನವರು ಇನ್ನೂ ಪಕ್ಕದಲ್ಲಿದ್ದಾಗಲೇ ಅವರ ಒಪ್ಪಿಗೆ ಪಡೆದು ರೀವೋದವರು ನದಿಯನ್ನು ಕಣಿವೆಯ ಪಶ್ಚಿಮ ಅಂಚಿಗೆ ಹೊಸ ಪಾತ್ರ ತೋಡಿ ತಿರುಗಿಸಿದರು. ಮುಂದೆ ನೆರೆಯ ಜಮೀನ್ದಾರರ ಒಪ್ಪಿಗೆಯಿಂದ ಬೇರೆ ಭಾಗಗಳಲ್ಲೂ ಇದೇ ಕೆಲಸ ನಡೆಯಿತು. ಸಿಕ್ಕ ಲಾಭ ಸಮತಟ್ಟಾದ ಹುಲ್ಲುಗಾವಲು, ಹಳೆಯ ಪಾತ್ರದಲ್ಲಿ ಮಠಕ್ಕೆ ಬೇಕಾದಷ್ಟೇ ನೀರು. ಈ ಕಾಲುವೆಗಳಲ್ಲಿ ದೋಣಿ ಕಟ್ಟಿ ಗಣಿಯಿಂದ ಕಲ್ಲು ತಂದರು ಎಂಬ ವಾದ ಹಳೆಯ ಬರಹಗಳಲ್ಲಿದೆ. ಓದಲು ಚೆಂದ, ಆದರೆ ಒಪ್ಪಂದಗಳು ಹೇಳುವುದು ನೆಲ ಮತ್ತು ನೀರಿನ ಹಕ್ಕಿನ ಬಗ್ಗೆ. ನಾನಾದರೆ ಕಾಗದದ ಮಾತನ್ನೇ ಹಿಡಿಯುತ್ತೇನೆ.

ದುಡಿದವರು ಯಾರು, ಉಣ್ಣೆಯ ಲೆಕ್ಕ ಹೇಗೆ

ಮಠಾಧಿಪತಿ ಏಲ್ರೆಡ್ (1147ರಿಂದ 1167) ಕಾಲ ರೀವೋದ ಏರುಗಾಲ. ಅವನ ಜೀವನಚರಿತ್ರೆ ಬರೆದ ವಾಲ್ಟರ್ ಡೇನಿಯಲ್ 140 ಸನ್ಯಾಸಿಗಳು, 500 ಲೇ ಬ್ರದರ್ ಮತ್ತು ಕೆಲಸದವರು ಎಂದು ಲೆಕ್ಕ ಕೊಡುತ್ತಾನೆ. ಬರೆದವನು ಶಿಷ್ಯ, ಸಂಖ್ಯೆ ದುಂಡಗಿದೆ; ಅನುಪಾತವನ್ನು ನಂಬಿ, ಅಂಕಿಯನ್ನು ಅನುಮಾನಿಸಿ. ಲೇ ಬ್ರದರ್ ಎಂದರೆ ಪ್ರತಿಜ್ಞೆ ತೊಟ್ಟವರೇ. ಆದರೆ ಓದು ಬರಹ ಅವರಿಗಿಲ್ಲ, ಸನ್ಯಾಸಿಯಾಗಿ ಬಡ್ತಿ ಇಲ್ಲ, ಮಲಗುವ ಸಾಲು ಬೇರೆ, ಚರ್ಚಿನೊಳಗೆ ಕೂರುವ ಜಾಗವೂ ಬೇರೆ. ಗ್ರೇಂಜ್‌ಗಳನ್ನು ನಡೆಸಿದವರು ಇವರು. ಹಳ್ಳಿಯ ಜೀತದ ರೈತರು ಬೇಡ ಎಂಬ ಕಟ್ಟಳೆ ನಡೆದದ್ದು ಇವರ ಬೆನ್ನ ಮೇಲೆ.

ಉಣ್ಣೆಯ ವಿಷಯಕ್ಕೆ ಬಂದರೆ, ಇಟಲಿಯ ಫ್ಲಾರೆನ್ಸಿನ ಬಾರ್ಡಿ ಎಂಬ ವ್ಯಾಪಾರಿ ಕಂಪನಿಯಲ್ಲಿದ್ದ ಪೆಗೊಲೊಟ್ಟಿಯ ಪಟ್ಟಿ 14ನೇ ಶತಮಾನದ ಮೊದಲ ಭಾಗದ್ದು. ಅದರಲ್ಲಿ ರೀವೋಗೆ ವರ್ಷಕ್ಕೆ 60 ಮೂಟೆ, ಬೈಲಂಡಿಗೆ 35. ಒಂದು ಮೂಟೆ 364 ಪೌಂಡ್, ಸುಮಾರು 165 ಕೆ.ಜಿ. ಆ ಕಾಲದ ಒಂದು ಕುರಿಯ ತುಪ್ಪಟ ಒಂದೂವರೆ ಪೌಂಡ್ ಎಂದು ಹಿಡಿದರೆ, 60 ಮೂಟೆಗೆ 21,840 ಪೌಂಡ್, ಅಂದರೆ 14,560 ಕುರಿ. ರೀವೋದಲ್ಲಿ ಹದಿನಾಲ್ಕು ಸಾವಿರ ಕುರಿಗಳಿದ್ದವು ಎಂದು ಓದುವ ಮಾತಿನ ಹಿಂದೆ ಇಂಥ ಲೆಕ್ಕ ಕೆಲಸ ಮಾಡುತ್ತದೆ. ದೋಷವೂ ಇಲ್ಲೇ ಇದೆ. ಮಠಗಳು ಸುತ್ತಲ ಸಣ್ಣ ರೈತರ ಉಣ್ಣೆಯನ್ನೂ ಕೊಂಡು ತಮ್ಮ ಮೂಟೆಗೆ ಸೇರಿಸಿ ಮಾರುತ್ತಿದ್ದವು. ಪಂಥದ ಮಹಾಸಭೆ ಬೇಡ ಎಂದರೂ ನಡೆಯುತ್ತಿತ್ತು. ಆದ್ದರಿಂದ ಮೂಟೆಯಿಂದ ಕುರಿ ಎಣಿಸಿದರೆ ಹಳ್ಳಿಯವನ ಕುರಿ ಮಠದ ಹಟ್ಟಿಗೆ ಸೇರಿಹೋಗುತ್ತದೆ.

ಮಾರಾಟದ ಕ್ರಮ ನಮ್ಮ ಅಡಿಕೆ ಮಂಡಿಯ ಮುಂಗಡದ ಹಾಗೆ: ಇಟಲಿಯ ವರ್ತಕರು ಮುಂದಿನ ಹಲವು ವರ್ಷಗಳ ಉಣ್ಣೆಗೆ ಈಗಲೇ ಹಣ ಕೊಡುತ್ತಿದ್ದರು, ಮಠ ಆ ಹಣವನ್ನು ಕಟ್ಟಡಕ್ಕೆ ಹಾಕುತ್ತಿತ್ತು. 13ನೇ ಶತಮಾನದಲ್ಲಿ ರೀವೋದ ಬಲಿಪೀಠದ ಭಾಗವನ್ನು ಕೆಡವಿ ಭಾರಿಯಾಗಿ ಮರುಕಟ್ಟಿದರು. 1270ರ ದಶಕದಿಂದ ಇಂಗ್ಲೆಂಡಿನ ಕುರಿಗಳಿಗೆ ಕಜ್ಜಿ ರೋಗ ಹಬ್ಬಿತು. ಕೊಡಬೇಕಾದ ಉಣ್ಣೆ ಇಲ್ಲ, ಪಡೆದ ಹಣ ಗೋಡೆಯಾಗಿಬಿಟ್ಟಿದೆ. ಶತಮಾನದ ಕೊನೆಗೆ ರೀವೋ ಸಾಲದಲ್ಲಿ ಮುಳುಗಿತ್ತು. ಇದಕ್ಕೆ ಸನ್ಯಾಸಿಗಳ ದುಂದುಗಾರಿಕೆ ಕಾರಣ ಎನ್ನುವವರಿದ್ದಾರೆ. ಮುಂಗಡ ವ್ಯವಸ್ಥೆಯಲ್ಲಿ ರೋಗದ ನಷ್ಟವೆಲ್ಲ ಬೆಳೆದವನ ಮೇಲೇ ಬೀಳುತ್ತದೆ ಎಂಬುದನ್ನು ಮೊದಲು ನೋಡಬೇಕು.

ಮುಂದಿನದನ್ನು ಚುಟುಕಾಗಿ ಹೇಳಬಹುದು. 1322ರ ಅಕ್ಟೋಬರ್ 14ರಂದು ಸ್ಕಾಟರು ಈ ಗುಡ್ಡಗಳ ಮೇಲೆ ಇಂಗ್ಲಿಷ್ ಸೇನೆಯನ್ನು ಮುರಿದರು. ಇದೇ ಬೈಲಂಡ್ ಕದನ. ಹತ್ತಿರದ ಮಠದಲ್ಲಿ ತಂಗಿದ್ದ ಇಂಗ್ಲೆಂಡಿನ ರಾಜ ಎರಡನೇ ಎಡ್ವರ್ಡ್ ಸಾಮಾನು ಸರಂಜಾಮು ಬಿಟ್ಟು ಓಡಿದ. ಕೆಲವು ಚರಿತ್ರೆಕಾರರು ಆ ಮಠ ರೀವೋ ಎಂದರೆ, ಕೆಲವರು ಬೈಲಂಡ್ ಎನ್ನುತ್ತಾರೆ. 1348-49ರ ಪ್ಲೇಗಿನ ನಂತರ ಕೂಲಿಗೆ ಬೇಡಿಕೆ ಏರಿತು, ಲೇ ಬ್ರದರ್ ಆಗಲು ಯಾರೂ ಬರಲಿಲ್ಲ. 1381ರ ಹೊತ್ತಿಗೆ ರೀವೋದಲ್ಲಿದ್ದವರು 15 ಸನ್ಯಾಸಿಗಳು, ಮೂವರು ಲೇ ಬ್ರದರ್. ಗ್ರೇಂಜ್‌ಗಳು ಗೇಣಿಗೆ ಹೋದವು. ಎರಡು ಶತಮಾನದ ಹಿಂದೆ ರೈತರನ್ನು ಬೇಡ ಎಂದ ಮಠ ಈಗ ಎಲ್ಲರಂತೆ ಜಮೀನ್ದಾರ.

1538ರ ನಂತರ: ಸೀಸ, ಕಬ್ಬಿಣ, ಕಲ್ಲು

ಎಂಟನೇ ಹೆನ್ರಿಯ ಆಳ್ವಿಕೆಯಲ್ಲಿ, 1538ರ ಡಿಸೆಂಬರ್ 3ರಂದು ರೀವೋ ಮುಚ್ಚಿತು. ಆಸ್ತಿ ರಟ್ಲೆಂಡಿನ ಅರ್ಲ್ ಥಾಮಸ್ ಮ್ಯಾನರ್ಸ್‌ಗೆ ಹೋಯಿತು. ಚಾವಣಿಯ ಸೀಸ ಮತ್ತು ಗಂಟೆಗಳು ಮಾತ್ರ ರಾಜನಿಗೆ. ಮಠ ಮುಚ್ಚಿದಾಗ ಸೀಸವನ್ನು ಸ್ಥಳದಲ್ಲೇ ಕರಗಿಸಿ ಗಟ್ಟಿ ಎರೆಯುವುದು ಕ್ರಮ, ಅದಕ್ಕೆ ಚಾವಣಿಯ ಮರವೇ ಸೌದೆ. ಚಾವಣಿ ಹೋದ ಮೇಲೆ ಮಳೆ ಗೋಡೆಯ ಗಾರೆಗೆ ಇಳಿಯುತ್ತದೆ, ಕಮಾನುಗಳು ತಾವಾಗಿ ಕುಸಿಯುತ್ತವೆ. ರೀವೋದಲ್ಲಿ ಹೀಗೆ ಬಿದ್ದ ರಾಶಿಯ ಕೆಳಗೆ ರಾಜಮುದ್ರೆಯ ಸೀಸದ ಗಟ್ಟಿಗಳು ಸಿಕ್ಕಿಹಾಕಿಕೊಂಡಿದ್ದವು, ಒಂದೊಂದೂ ಅರ್ಧ ಟನ್ನಿನಷ್ಟು. 1920ರ ದಶಕದಲ್ಲಿ ಹೊರತೆಗೆದಾಗ ಯಾರ್ಕ್ ನಗರದ ಮಹಾಚರ್ಚ್ ಯಾರ್ಕ್ ಮಿನ್‌ಸ್ಟರಿನ ಫೈವ್ ಸಿಸ್ಟರ್ಸ್ ಕಿಟಕಿಯ ಗಾಜು ಕೂರಿಸಲು ಆ ಸೀಸ ಬಳಕೆಯಾಯಿತು.

ಕಬ್ಬಿಣದ ಕಥೆಯನ್ನು ಬಿಡಿಸಿ ಕಲಿಯಬೇಕು. ಮಠದ ಕಾಲದ ಕುಲುಮೆಯಲ್ಲಿ ಅದಿರು ಮತ್ತು ಇದ್ದಿಲು ಹಾಕಿ ತಿದಿ ಒತ್ತಿದರೆ ಕಬ್ಬಿಣ ಪೂರ್ತಿ ಕರಗುವುದಿಲ್ಲ, ಸ್ಪಂಜಿನಂಥ ಉಂಡೆಯಾಗುತ್ತದೆ. ಅದನ್ನು ಬಡಿದು ಕಿಟ್ಟ ಬೇರ್ಪಡಿಸಬೇಕು. ಕಿಟ್ಟದಲ್ಲಿ ಬಹಳಷ್ಟು ಕಬ್ಬಿಣ ವ್ಯರ್ಥವಾಗಿ ಉಳಿಯುತ್ತದೆ, ತೂಕದ ಅರ್ಧಕ್ಕೂ ಹೆಚ್ಚು ಕಬ್ಬಿಣದ ಆಕ್ಸೈಡ್ ಇರುವುದುಂಟು. ಊದುಕುಲುಮೆ ಎತ್ತರ, ಗಾಳಿ ಜೋರು. ಕಬ್ಬಿಣ ಇದ್ದಿಲಿನ ಕಾರ್ಬನ್ ಹೀರಿ ನೀರಾಗಿ ಹರಿಯುತ್ತದೆ, ಕಿಟ್ಟದಲ್ಲಿ ಉಳಿಯುವ ಕಬ್ಬಿಣ ಅತ್ಯಲ್ಪ. ಹಾಗಾಗಿ ಕಿಟ್ಟದ ತುಂಡೊಂದನ್ನು ಪರೀಕ್ಷಿಸಿದರೆ ಕುಲುಮೆಯ ಜಾತಿ ಹೇಳಬಹುದು. ರೀವೋಗೆ ಸೇರಿದ ಲ್ಯಾಸ್ಕಿಲ್‌ನ ಕಿಟ್ಟದಲ್ಲಿ ಕಬ್ಬಿಣ ಕಡಿಮೆ ಇದ್ದದ್ದನ್ನು ನೋಡಿ, ಸನ್ಯಾಸಿಗಳು ಊದುಕುಲುಮೆಯ ಹೊಸ್ತಿಲಿಗೆ ಬಂದಿದ್ದರು, ಹೆನ್ರಿ ಮಠ ಮುಚ್ಚದಿದ್ದರೆ ಕೈಗಾರಿಕಾ ಕ್ರಾಂತಿ ಅಲ್ಲೇ ಆಗುತ್ತಿತ್ತು ಎಂದು ಕೆಲವರು ಬರೆದರು. ಅಷ್ಟು ದೂರ ಹೋಗಬೇಡಿ. ದಕ್ಷಿಣ ಇಂಗ್ಲೆಂಡಿನ ವೀಲ್ಡ್ ಪ್ರದೇಶದಲ್ಲಿ 1490ರ ದಶಕದಲ್ಲೇ ಊದುಕುಲುಮೆ ಉರಿಯುತ್ತಿತ್ತು. ರೀವೋದಲ್ಲಿ ಅರ್ಲ್‌ಗಳ ಒಡೆತನದಲ್ಲಿ 1577ರಲ್ಲಿ ಊದುಕುಲುಮೆ ಬಂತು, 1640ರ ದಶಕದವರೆಗೆ ನಡೆಯಿತು.

ಇಂದಿನ ರೀವೋ ಹಳ್ಳಿ ನಿಂತಿರುವುದು ಹಳೆಯ ಮಠದ ಆವರಣದೊಳಗೇ. ಮನೆಗಳ ಗೋಡೆಯಲ್ಲಿ ಮಠದ ಕೆತ್ತಿದ ಕಲ್ಲು ಅಲ್ಲಲ್ಲಿ ಕಾಣುತ್ತದೆ. ಹೊರಗಿನವರಿಗೆಂದು ಮಠದ ಹೆಬ್ಬಾಗಿಲ ಬಳಿ ಇದ್ದ ಚಿಕ್ಕ ಪ್ರಾರ್ಥನಾಮಂದಿರವೇ 1906ರಲ್ಲಿ ದುರಸ್ತಿಯಾಗಿ ಊರಿನ ಸೇಂಟ್ ಮೇರಿ ಚರ್ಚ್ ಆಯಿತು. 1758ರ ಸುಮಾರಿಗೆ ಡಂಕಂಬ್ ಮನೆತನ ಮೇಲಿನ ಗುಡ್ಡದಲ್ಲಿ ಹುಲ್ಲಿನ ನಡೆದಾರಿ ಮಾಡಿಸಿತು. ಅಲ್ಲಿಂದ ಪಾಳುಮಠ ಚಿತ್ರದಂತೆ ಕಾಣಬೇಕು ಎಂಬುದು ಉದ್ದೇಶ.

1917ರಲ್ಲಿ ಮಠ ಸರ್ಕಾರದ ಸುಪರ್ದಿಗೆ ಬಂತು. ಯುದ್ಧದಿಂದ ಮರಳಿದವರಿಗೆ ಕೂಲಿ ಕೊಟ್ಟು ಕುಸಿದ ರಾಶಿಯನ್ನೆಲ್ಲ ಸಾಗಿಸಿ, ಮಧ್ಯಯುಗದ ನೆಲ ಕಾಣುವವರೆಗೆ ತೆರವು ಮಾಡಿದರು. ಗೋಡೆ ಉಳಿಯಿತು. ಆದರೆ ಆ ರಾಶಿಯಲ್ಲೇ ಇದ್ದ 1538ರ ನಂತರದ ಪದರಗಳು, ಕಲ್ಲು ಕಿತ್ತವರ, ಕುಲುಮೆ ನಡೆಸಿದವರ, ಆವರಣದಲ್ಲಿ ಮನೆ ಹೂಡಿದವರ ಗುರುತುಗಳು, ಹೆಚ್ಚಿನ ದಾಖಲೆಯಿಲ್ಲದೆ ಹೋದವು. ಈಗ ಅಲ್ಲಿ ಕಾಣುವ ಒಪ್ಪವಾದ ಹುಲ್ಲುಹಾಸನ್ನು ಮಧ್ಯಯುಗದ ಮಠದ ನೋಟ ಎಂದುಕೊಳ್ಳಬೇಡಿ. ಅದು 1920ರ ದಶಕದ ಕೆಲಸ.