ಮುಖ, ಗುರು, ಸಾಕ್ಷಿ ಸಿಕ್ಕ ಮಾತ್ರಕ್ಕೆ ಟಗಾಲೊಗ್ ನಮ್ಮ ನೆಂಟ ಭಾಷೆಯಲ್ಲ

ಫಿಲಿಪ್ಪೀನ್ಸ್‌ಗೆ ಮೆಡಿಕಲ್ ಓದಲು ಹೊರಟ ನಮ್ಮ ಕಡೆಯ ಮಕ್ಕಳಿಗೆ ನಾನು ಅಲ್ಲಿನ ಟಗಾಲೊಗ್ ಭಾಷೆ ಕಲಿಸುತ್ತೇನೆ. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತದೆ. ಆದರೆ ವಾರ್ಡಿನಲ್ಲಿ ಮಲಗಿರುವ ಅಜ್ಜಿಗೆ ಎಲ್ಲಿ ನೋಯ್ತಿದೆ ಅಂತ ಕೇಳೋಕೆ ಇಂಗ್ಲಿಷ್ ಸಾಲದು.

ಮೊದಲ ದಿನ ಮಕ್ಕಳಿಗೆ ಖುಷಿಯೋ ಖುಷಿ. ಮುಖಕ್ಕೆ 'ಮುಕ್‌ಹಾ', ಮೇಷ್ಟ್ರಿಗೆ 'ಗುರೊ', ಸಾಕ್ಷಿಗೆ 'ಸಕ್ಸಿ', ಭರವಸೆಗೆ 'ಆಸಾ', ಬಡವನಿಗೆ 'ದುಕ್‌ಹಾ'. "ಹಾಗಾದ್ರೆ ಇದೂ ಸಂಸ್ಕೃತದಿಂದ ಬಂದ ಭಾಷೆನಾ ಮೇಡಂ?" ಅಂತ ಪ್ರತಿ ಬ್ಯಾಚಿನಲ್ಲೂ ಯಾರಾದರೂ ಕೇಳುತ್ತಾರೆ.

ಅಲ್ಲ. ಪದಗಳನ್ನು ಯಾರು ಬೇಕಾದರೂ ಕಡ ತರಬಹುದು. ನಂಟು ತಿಳಿಯಬೇಕಾದರೆ ಎಣಿಕೆ ಕೇಳಬೇಕು, ಕ್ರಿಯಾಪದ ಬಿಚ್ಚಿ ನೋಡಬೇಕು.

ಟಗಾಲೊಗ್‌ನಲ್ಲಿ ನಾಲ್ಕು 'ಅಪತ್', ಐದು 'ಲಿಮಾ', ಆರು 'ಅನಿಮ್'. ಮಲಯ್ ಭಾಷೆಯಲ್ಲಿ 'ಎಂಪತ್', 'ಲಿಮಾ', 'ಎನಮ್'. ದೂರದ ಹವಾಯಿಯಲ್ಲೂ 'ಲಿಮಾ' ಅಂದರೆ ಐದು, ಕೈಯೂ ಹೌದು. ಇವೆಲ್ಲ ಆಸ್ಟ್ರೋನೇಷಿಯನ್ ಕುಟುಂಬದ ಭಾಷೆಗಳು. ಸುಮಾರು 4000 ವರ್ಷಗಳ ಹಿಂದೆ ತೈವಾನ್ ಕಡೆಯಿಂದ ದೋಣಿ ಹತ್ತಿ ಬಂದವರ ಮಾತು ಈ ದ್ವೀಪಗಳಲ್ಲಿ ಹರಡಿ, ಕವಲೊಡೆಯಿತು. ಅಂಥ ಒಂದು ಕವಲು ಟಗಾಲೊಗ್. ಹೆಸರು 'ತಗಾ ಇಲೊಗ್', ಅಂದರೆ ನದಿಯವರು ಅನ್ನುವುದರಿಂದ ಬಂತು ಎನ್ನುವುದು ಹೆಚ್ಚಿನವರು ಒಪ್ಪುವ ಮಾತು.

ಈಗ ಕ್ರಿಯಾಪದ. 'ಕಾಯಿನ್' ಅಂದರೆ ತಿನ್ನು. ನಾವು ತಿಂದ, ತಿನ್ನುತ್ತಾನೆ ಅಂತ ಬಾಲಕ್ಕೆ ಜೋಡಿಸುತ್ತೇವೆ. ಅವರು ಪದದ ಹೊಟ್ಟೆಯೊಳಗೇ 'ಉಮ್' ತೂರಿಸುತ್ತಾರೆ: 'ಕುಮಾಯಿನ್', ತಿಂದಾಯಿತು. ಮೊದಲ ಅಕ್ಷರವನ್ನು ಎರಡು ಸಲ ಹೇಳಿದರೆ 'ಕುಮಕಾಯಿನ್', ಇನ್ನೂ ತಿನ್ನುತ್ತಿದ್ದಾನೆ. 'ಉಮ್' ಬಿಟ್ಟು ಬರೀ 'ಕಕಾಯಿನ್' ಅಂದರೆ ಇನ್ನು ತಿನ್ನಬೇಕು. 'ಬಿಲಿ' ಅಂದರೆ ಕೊಳ್ಳು. ಕೊಂಡವನ ಮೇಲೆ ಗಮನವಿದ್ದರೆ 'ಬುಮಿಲಿ', ಕೊಂಡ ಮೀನಿನ ಮೇಲೆ ಗಮನವಿದ್ದರೆ 'ಬಿನಿಲಿ', ಕೊಂಡ ಅಂಗಡಿಯ ಮೇಲಿದ್ದರೆ 'ಬಿನಿಲ್‌ಹಾನ್'. ವಾಕ್ಯ ಯಾರ ಬಗ್ಗೆ ಅನ್ನುವುದನ್ನು ಕ್ರಿಯಾಪದವೇ ಹೇಳಿಬಿಡುತ್ತದೆ. ಇಷ್ಟು ಚೆಂದದ ಕಟ್ಟಡ ಸಂಸ್ಕೃತದಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. ಇಲ್ಲಿಗೆ ಬಂದಾಗ ಮಕ್ಕಳು ಒದ್ದಾಡುತ್ತಾರೆ, ನನಗೆ ಮಾತ್ರ ಪ್ರತಿ ಸಲವೂ ಖುಷಿ.

ಹಾಗಾದರೆ ನಮ್ಮ ಪದಗಳು ಅಲ್ಲಿಗೆ ಹೋದದ್ದು ಹೇಗೆ? ಹೆಚ್ಚಾಗಿ ಮಲಯ್ ಮತ್ತು ಜಾವಾದ ವ್ಯಾಪಾರಿಗಳ ಬಾಯಿಂದ. ಕೈಯಿಂದ ಕೈಗೆ ದಾಟುವಾಗ ಲೆಕ್ಕವೂ ಬದಲಾಯಿತು. ನಮ್ಮ ಲಕ್ಷ ಅಲ್ಲಿ 'ಲಕ್ಸಾ' ಆಗಿ ಹತ್ತು ಸಾವಿರಕ್ಕೆ ಇಳಿದಿದೆ.

ಇದಕ್ಕೆ ಒಂದು ದೊಡ್ಡ ಪುರಾವೆ ಫಿಲಿಪ್ಪೀನ್ಸ್‌ನ ಲಗುನಾ ಪ್ರಾಂತ್ಯದಲ್ಲಿ ಸಿಕ್ಕ ತಾಮ್ರಪಟ. 1989ರಲ್ಲಿ ಲುಂಬಾಂಗ್ ನದಿಯ ಬಾಯಿಯ ಹತ್ತಿರ ಮರಳು ತೆಗೆಯುವಾಗ ಸಿಕ್ಕಿತು. ಲಿಪಿ ಜಾವಾದ 'ಕವಿ' ಅನ್ನುವ ಹಳೆಯ ಲಿಪಿ, ಭಾಷೆ ಹಳೆಯ ಮಲಯ್, ನಡುನಡುವೆ ಸಂಸ್ಕೃತ, ಹಳೆಯ ಜಾವಾ ಮತ್ತು ಹಳೆಯ ಟಗಾಲೊಗ್ ಪದಗಳು. ಶುರುವಾಗುವುದು 'ಸ್ವಸ್ತಿ' ಅಂತ. ಶಕವರ್ಷ 822, ವೈಶಾಖ ಮಾಸ, ಕೃಷ್ಣಪಕ್ಷದ ಚತುರ್ಥಿ, ಸೋಮವಾರ. ಅಂದರೆ ಕ್ರಿ.ಶ. 900ರ ಏಪ್ರಿಲ್ 21. ನಮ್ಮಲ್ಲಿ ಆಗ ರಾಷ್ಟ್ರಕೂಟರ ಕಾಲ, ನಮ್ಮ ಶಾಸನಗಳಲ್ಲೂ ಇದೇ 'ಸ್ವಸ್ತಿ', ಇದೇ ಶಕವರ್ಷ. ವಿಷಯ ಮಾತ್ರ ರಾಜರ ಯುದ್ಧದ್ದಲ್ಲ. ನಮ್ವರಾನ್ ಅನ್ನುವವನ ಚಿನ್ನದ ಸಾಲ ತೀರಿತು, ಅವನ ಮಕ್ಕಳನ್ನು ಯಾರೂ ಕೇಳುವ ಹಾಗಿಲ್ಲ ಅನ್ನುವ ಋಣಮುಕ್ತಿ ಪತ್ರ. ಮೊದಲ ಸಲ ಓದಿದಾಗ ನನ್ನ ಕಣ್ಣು ತುಂಬಿತ್ತು.

ಮುಂದೆ ಅವರದ್ದೇ ಲಿಪಿ ಬಂತು, 'ಬೈಬಾಯಿನ್'. ಮೂಲ ಬ್ರಾಹ್ಮಿಯೇ. ಹದಿನೇಳು ಅಕ್ಷರ. ಮೇಲೊಂದು ಚುಕ್ಕೆ ಇಟ್ಟರೆ ಇ ಅಥವಾ ಎ, ಕೆಳಗಿಟ್ಟರೆ ಉ ಅಥವಾ ಒ. ಆದರೆ ಒತ್ತಕ್ಷರ ಇರಲಿಲ್ಲ, ಅರ್ಧಾಕ್ಷರವೂ ಇರಲಿಲ್ಲ. ಬೆಟ್ಟಕ್ಕೆ 'ಬುಂದೊಕ್' ಅಂತ ಹೇಳಿ 'ಬುದೊ' ಅಂತ ಬರೆಯುತ್ತಿದ್ದರು. ಉಳಿದದ್ದು ಓದುವವರಿಗೆ ಬಿಟ್ಟದ್ದು. 1593ರಲ್ಲಿ ಮನಿಲಾದಲ್ಲಿ ಅಚ್ಚಾದ 'ದೊಕ್ತ್ರಿನಾ ಕ್ರಿಸ್ತಿಯಾನಾ' ಅನ್ನುವ ಕ್ರೈಸ್ತ ಧರ್ಮಬೋಧೆಯ ಪುಸ್ತಕದಲ್ಲಿ ಟಗಾಲೊಗ್ ರೋಮನ್ ಲಿಪಿಯಲ್ಲೂ ಇದೆ, ಬೈಬಾಯಿನ್‌ನಲ್ಲೂ ಇದೆ. ಆಮೇಲೆ ರೋಮನ್ನೇ ಉಳಿಯಿತು.

ಸ್ಪ್ಯಾನಿಷರು ಮುನ್ನೂರು ವರ್ಷಕ್ಕೂ ಜಾಸ್ತಿ ಇದ್ದರು. 'ಕುಮುಸ್ತಾ' (ಹೇಗಿದ್ದೀರಿ), 'ಮೇಸಾ' (ಮೇಜು), 'ಬಿಂತಾನಾ' (ಕಿಟಕಿ) ಅವರಿಂದ ಬಂದವು. ಟೊಮೆಟೊಗೆ 'ಕಮಾತಿಸ್'. ಇದರ ಬೇರು ಮೆಕ್ಸಿಕೋದ ನಹುವಾಟ್ಲ್ ಭಾಷೆಯಲ್ಲಿದೆ, ಅಲ್ಲಿನ ಅಕಪುಲ್ಕೊ ಬಂದರಿನಿಂದ ಮನಿಲಾಗೆ ಬರುತ್ತಿದ್ದ ಹಡಗುಗಳ ಹಾದಿಯಲ್ಲಿ ಬಂದದ್ದು. 'ಆತೆ' ಅಂದರೆ ಅಕ್ಕ, 'ಕೂಯಾ' ಅಂದರೆ ಅಣ್ಣ, ಎರಡೂ ಚೀನಾದ ಹೊಕ್ಕಿಯೆನ್ ಮಾತಿನವು. ನರ್ಸಮ್ಮನನ್ನು 'ಆತೆ' ಅನ್ನಿ, ಅರ್ಧ ಕೆಲಸ ಆದ ಹಾಗೆ.

1937ರ ಡಿಸೆಂಬರ್ 30ರಂದು ಅಧ್ಯಕ್ಷ ಕೆಸೊನ್ ಅವರು ಟಗಾಲೊಗ್ ಆಧಾರದ ರಾಷ್ಟ್ರಭಾಷೆಯನ್ನು ಘೋಷಿಸಿದರು. 1959ರಲ್ಲಿ ಅದಕ್ಕೆ ಪಿಲಿಪಿನೊ ಅಂತ ಹೆಸರಾಯಿತು, 1987ರ ಸಂವಿಧಾನದಲ್ಲಿ ಫಿಲಿಪಿನೊ ಆಯಿತು. ಫಿಲಿಪ್ಪೀನ್ಸ್‌ನ ಇನ್ನೊಂದು ದೊಡ್ಡ ಭಾಷೆ ಸೆಬುವಾನೊ ಮಾತಾಡುವವರಿಗೆ ಇದರ ಬಗ್ಗೆ ಬೇಸರವಿದೆ. ಅದು ನ್ಯಾಯವಾದದ್ದೇ ಅಂತ ನನಗನಿಸುತ್ತದೆ. ಅವರದ್ದೂ ತುಂಬು ಭಾಷೆ, ಟಗಾಲೊಗ್‌ಗೆ ತಂಗಿಯಂಥದ್ದು, ಉಪಭಾಷೆ ಅಲ್ಲ.

ಇದು ನನಗೆ ಸರಿಯಾಗಿ ಅರ್ಥವಾದದ್ದು ಸೆಬುವಾನೊ ನಡೆಯುವ ದಾವಾವೊ ಊರಿನಿಂದ ಒಬ್ಬ ಹುಡುಗಿ ಫೋನ್ ಮಾಡಿದಾಗ. "ಸಾನ್ ಪೊ ಮಸಕಿತ್?" ಎಲ್ಲಿ ನೋಯುತ್ತಿದೆ ಅಂತ ಕೇಳುವುದನ್ನು ನಾನೇ ಕಲಿಸಿದ್ದೆ. ಆ 'ಪೊ' ನಮ್ಮ 'ರೀ' ಇದ್ದ ಹಾಗೆ, ಮರ್ಯಾದೆಗೆ. ಆದರೆ ಅಲ್ಲಿ ಎಲ್ಲರೂ "ಆಸಾ ಆಂಗ್ ಸಕಿತ್?" ಅಂತ ಕೇಳುತ್ತಿದ್ದರಂತೆ. "ಆಸಾ ಅಂದ್ರೆ ಭರವಸೆ ಅಲ್ವಾ ಮೇಡಂ?" ಟಗಾಲೊಗ್‌ನಲ್ಲಿ ಹೌದು, ಅದು ನಮ್ಮ ಆಶಾ. ಸೆಬುವಾನೊದಲ್ಲಿ 'ಆಸಾ' ಅಂದರೆ ಎಲ್ಲಿ. ಎರಡಕ್ಕೂ ಸಂಬಂಧವೇ ಇಲ್ಲ. ನೋವಿನ 'ಸಕಿತ್' ಮಾತ್ರ ಎರಡರಲ್ಲೂ ಒಂದೇ, ಮಲಯ್‌ನಲ್ಲೂ ಅದೇ. ಈಗ ನನ್ನ ಪಾಠದಲ್ಲಿ ಎರಡು ವಾರ ಸೆಬುವಾನೊ ಕೂಡ ಇದೆ.