ಬಂದೂಕು ಕೆಳಗಿಟ್ಟ ಮೇಲೆ: ಶಿನ್ ಫೇನ್ ಪಕ್ಷ ಮತ್ತು ಐರಿಷ್ ಮತದಾರರ ವಿಶ್ವಾಸ

2024ರ ಫೆಬ್ರುವರಿ 3ರಂದು ಬೆಲ್‌ಫಾಸ್ಟಿನ ಸ್ಟಾರ್ಮಂಟ್ ಭವನದಲ್ಲಿ ಶಿನ್ ಫೇನ್ ಪಕ್ಷದ ಮಿಶೆಲ್ ಓನೀಲ್ ಉತ್ತರ ಐರ್ಲೆಂಡ್ ಸರ್ಕಾರದ ಮುಖ್ಯಸ್ಥೆಯಾಗಿ ಅಧಿಕಾರ ವಹಿಸಿಕೊಂಡರು. 1921ರಲ್ಲಿ ಐರ್ಲೆಂಡನ್ನು ವಿಭಜಿಸಿದಾಗ, ಬ್ರಿಟನ್ನಿನೊಂದಿಗೇ ಉಳಿಯಬಯಸುವ, ಹೆಚ್ಚಾಗಿ ಪ್ರಾಟೆಸ್ಟೆಂಟರಾದ ಯೂನಿಯನಿಸ್ಟರ ಬಹುಮತ ಎಂದೂ ಅಲುಗಾಡಬಾರದೆಂದು ಲೆಕ್ಕ ಹಾಕಿಯೇ ಗಡಿ ಎಳೆದಿದ್ದ ಆ ಪ್ರಾಂತ್ಯದಲ್ಲಿ, ಅಖಂಡ ಐರ್ಲೆಂಡ್ ಬಯಸುವ ಪಕ್ಷವೊಂದಕ್ಕೆ ಆ ಹುದ್ದೆ ದಕ್ಕಿದ್ದು ಅದೇ ಮೊದಲು. ಓನೀಲ್ ಅವರ ತಂದೆ, ಅಖಂಡ ಐರ್ಲೆಂಡಿಗಾಗಿ ಶಸ್ತ್ರ ಹಿಡಿದ, ಶಿನ್ ಫೇನ್ ಯಾವುದರ ರಾಜಕೀಯ ಮುಖವೆನಿಸಿತ್ತೋ ಆ ಐರಿಷ್ ರಿಪಬ್ಲಿಕನ್ ಆರ್ಮಿಯ, ಅಂದರೆ ಐಆರ್‌ಎಯ, ಕೈದಿಯಾಗಿ ಸೆರೆಮನೆ ಕಂಡವರು. ಓನೀಲ್ ಅವರೊಂದಿಗೆ ಸರಿಸಮ ಅಧಿಕಾರ ಹಂಚಿಕೊಂಡ ಯೂನಿಯನಿಸ್ಟ್ ನಾಯಕಿ ಎಮ್ಮಾ ಲಿಟಲ್ ಪೆಂಗೆಲಿಯವರ ತಂದೆ ಎದುರು ಪಾಳಯದವರಿಗಾಗಿ ನಡೆದ ಶಸ್ತ್ರಾಸ್ತ್ರ ವ್ಯವಹಾರವೊಂದರಲ್ಲಿ ಫ್ರಾನ್ಸಿನ ನ್ಯಾಯಾಲಯದಿಂದ ಶಿಕ್ಷೆಗೊಳಗಾದವರು. ಅಲ್ಲಿನ ರಾಜಕಾರಣದಲ್ಲಿ ಹಿಂದಿನ ಸಂಘರ್ಷ ಎಷ್ಟು ಹತ್ತಿರದ ಸಂಗತಿ ಎಂಬುದು ಇದರಿಂದ ತಿಳಿಯುತ್ತದೆ.

ಶಿನ್ ಫೇನ್ ಇಂದು ಗಡಿಯ ಎರಡೂ ಬದಿಗಳಲ್ಲಿ ದೊಡ್ಡ ಪಕ್ಷ. ಉತ್ತರದಲ್ಲಿ 2022ರ ಮೇ ತಿಂಗಳ ಚುನಾವಣೆಯಲ್ಲಿ ಅದು ವಿಧಾನಸಭೆಯ 90 ಸ್ಥಾನಗಳ ಪೈಕಿ 27ನ್ನು ಗೆದ್ದು ಮೊದಲ ಸ್ಥಾನಕ್ಕೇರಿತು. ದಕ್ಷಿಣದ ಗಣರಾಜ್ಯದಲ್ಲಿ ಅದು ಪ್ರಮುಖ ವಿರೋಧ ಪಕ್ಷ. ಇಷ್ಟಾದರೂ ಗಣರಾಜ್ಯದಲ್ಲಿ ಅದರೊಂದಿಗೆ ಕೂಡಿ ಸರ್ಕಾರ ರಚಿಸಲು ಬೇರಾವ ದೊಡ್ಡ ಪಕ್ಷವೂ ಈವರೆಗೆ ಒಪ್ಪಿಲ್ಲ. ಮತ ಸಿಕ್ಕಿದೆ, ವಿಶ್ವಾಸ ಪೂರ್ತಿಯಾಗಿ ಸಿಕ್ಕಿಲ್ಲ. ಈ ಅಂತರ ಹುಟ್ಟಿದ್ದು ಹೇಗೆಂದು ತಿಳಿಯಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಪಕ್ಷವನ್ನು 1905ರಲ್ಲಿ ಸ್ಥಾಪಿಸಿದ ಆರ್ಥರ್ ಗ್ರಿಫಿತ್ ಬಂದೂಕಿನ ಮನುಷ್ಯರಾಗಿರಲಿಲ್ಲ. 1916ರ ಈಸ್ಟರ್ ದಂಗೆಯನ್ನು ಬ್ರಿಟಿಷರು ಹತ್ತಿಕ್ಕಿ, ಅದರ ನಾಯಕರನ್ನು ಗುಂಡಿಕ್ಕಿ ಕೊಂದ ನಂತರವೇ ಜನರ ಸಿಟ್ಟು ಈ ಪಕ್ಷದತ್ತ ಹರಿಯಿತು. (ಡಬ್ಲಿನ್ನಿನಲ್ಲಿ ಕಾನೂನು ಓದುತ್ತಿದ್ದ ವಿ. ವಿ. ಗಿರಿ ಐರಿಷ್ ಕ್ರಾಂತಿಕಾರಿಗಳ ಸಂಪರ್ಕದ ಶಂಕೆಯ ಮೇಲೆ ಅದೇ ವರ್ಷ ಆ ದೇಶ ಬಿಡಬೇಕಾಯಿತು. ಐದು ದಶಕಗಳ ಬಳಿಕ ಅವರು ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾದರು, ಅನಂತರ ರಾಷ್ಟ್ರಪತಿಯೂ ಆದರು.) 1918ರ ಚುನಾವಣೆಯಲ್ಲಿ ಐರ್ಲೆಂಡಿನ 105 ಸ್ಥಾನಗಳಲ್ಲಿ 73ನ್ನು ಶಿನ್ ಫೇನ್ ಗೆದ್ದಿತು. ಗೆದ್ದವರು ಲಂಡನ್ನಿಗೆ ಹೋಗದೆ ಡಬ್ಲಿನ್ನಿನಲ್ಲೇ ತಮ್ಮದೊಂದು ಸಂಸತ್ತನ್ನು ತೆರೆದರು. ಸ್ವಾತಂತ್ರ್ಯ ಯುದ್ಧ ನಡೆಯಿತು. 1921ರ ಡಿಸೆಂಬರಿನಲ್ಲಿ ಬ್ರಿಟನ್ನಿನೊಂದಿಗೆ ಆದ ಒಪ್ಪಂದವನ್ನು ಸ್ವೀಕರಿಸಿದವರು ಮತ್ತು ತಿರಸ್ಕರಿಸಿದವರು ಪರಸ್ಪರ ಅಂತರ್ಯುದ್ಧಕ್ಕಿಳಿದರು, ಮತ್ತು ಹೊಸ ಸರ್ಕಾರ ನಿನ್ನೆಯವರೆಗಿನ ಸಂಗಾತಿಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಮರಣದಂಡನೆ ವಿಧಿಸಿತು.

ಈ ಭಾಗವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಏಕೆಂದರೆ ಶತಮಾನದುದ್ದಕ್ಕೂ ಐರ್ಲೆಂಡನ್ನು ಆಳಿದ ಎರಡು ಪಕ್ಷಗಳೂ, ಅಂದರೆ ಫಿಯಾನ ಫಾಲ್ ಮತ್ತು ಫೀನ ಗೇಲ್, ಇದೇ ಶಿನ್ ಫೇನ್ ಒಡೆದು ಬಂದ ಕವಲುಗಳು. ಒಪ್ಪಂದವನ್ನು ತಿರಸ್ಕರಿಸಿದ್ದ ಈಮನ್ ಡಿ ವಲೆರಾ 1926ರಲ್ಲಿ ಫಿಯಾನ ಫಾಲ್ ಕಟ್ಟಿದರು. ಎರಡು ವರ್ಷಗಳ ನಂತರ ಆ ಪಕ್ಷದ ಶಾನ್ ಲೆಮಾಸ್, ಮುಂದೆ ಪ್ರಧಾನಿಯಾದವರು, ತಮ್ಮದು ಸ್ವಲ್ಪ ಮಟ್ಟಿಗೆ ಸಂವಿಧಾನಬದ್ಧವಾದ ಪಕ್ಷ ಎಂದು ಸಂಸತ್ತಿನಲ್ಲೇ ಹೇಳಿದರು. ಅಂಥ ಪಕ್ಷಕ್ಕೆ, ಅಂತರ್ಯುದ್ಧ ಮುಗಿದು ಹತ್ತು ವರ್ಷ ತುಂಬುವ ಮೊದಲೇ, 1932ರಲ್ಲಿ, ಅದರ ಶತ್ರುಗಳು ಚುನಾವಣೆಯ ಫಲಿತಾಂಶಕ್ಕೆ ತಲೆಬಾಗಿ ಶಾಂತಿಯುತವಾಗಿ ಅಧಿಕಾರ ಬಿಟ್ಟುಕೊಟ್ಟರು. ಹಾಗಾಗಿ ಇಂದಿನ ಶಿನ್ ಫೇನ್ ನಾಯಕರು ‘ನಿಮ್ಮ ಹಿರಿಯರ ಕೈಯಲ್ಲೂ ಬಂದೂಕಿತ್ತಲ್ಲವೇ’ ಎಂದು ಕೇಳಿದಾಗ ಅದರಲ್ಲಿ ತಥ್ಯವಿದೆ. ಆದರೆ ಒಂದು ವ್ಯತ್ಯಾಸ ಉಳಿಯುತ್ತದೆ, ನನ್ನ ಮಟ್ಟಿಗೆ ಅದು ದೊಡ್ಡದೇ. ಸ್ವಾತಂತ್ರ್ಯ ಯುದ್ಧಕ್ಕಿಳಿದವರ ಬೆನ್ನಿಗೆ 1918ರ ಜನಾದೇಶವಿತ್ತು. 1970ರ ನಂತರದ ಐಆರ್‌ಎ ಹೋರಾಟಕ್ಕೆ, ಅಖಂಡ ಐರ್ಲೆಂಡಿನತ್ತ ಹೆಚ್ಚು ಒಲವಿದ್ದ ಉತ್ತರದ ಕ್ಯಾಥೊಲಿಕರಲ್ಲೇ ಬಹುಮತದ ಬೆಂಬಲ ಒಮ್ಮೆಯೂ ಮತಪೆಟ್ಟಿಗೆಯಲ್ಲಿ ಕಾಣಿಸಲಿಲ್ಲ.

ಇಂದಿನ ಪಕ್ಷದ ನೇರ ವಂಶಾವಳಿ 1969–70ರಿಂದ ಶುರುವಾಗುತ್ತದೆ. ಮನೆ ಹಂಚಿಕೆ, ಉದ್ಯೋಗ, ಮತದಾನದ ಹಕ್ಕು ಇವುಗಳಲ್ಲಿ ತಾರತಮ್ಯ ಉಂಡ ಕ್ಯಾಥೊಲಿಕರು ನಾಗರಿಕ ಹಕ್ಕುಗಳಿಗಾಗಿ ಬೀದಿಗಿಳಿದಾಗ ಲಾಠಿಯೂ ಬೆಂಕಿಯೂ ಎದುರಾದವು. ಐಆರ್‌ಎ ಮತ್ತು ಶಿನ್ ಫೇನ್ ಎರಡೂ ಒಡೆದು, ಸಶಸ್ತ್ರ ಹೋರಾಟವೇ ದಾರಿ ಎಂದ ‘ಪ್ರೊವಿಶನಲ್’ ಬಣ ಮೇಲುಗೈ ಪಡೆಯಿತು. 1972ರ ಜನವರಿ 30ರಂದು ಡೆರಿ ನಗರದಲ್ಲಿ ಬ್ರಿಟಿಷ್ ಸೈನಿಕರು ನಿಶ್ಶಸ್ತ್ರ ಮೆರವಣಿಗೆಯ ಮೇಲೆ ಗುಂಡು ಹಾರಿಸಿ 13 ಜನರನ್ನು ಕೊಂದರು. ಆ ಗುಂಡುಗಳು ಐಆರ್‌ಎಗೆ ತಂದುಕೊಟ್ಟಷ್ಟು ಸದಸ್ಯರನ್ನು ಯಾವ ಭಾಷಣವೂ ತಂದುಕೊಟ್ಟಿರಲಿಕ್ಕಿಲ್ಲ. ಸತ್ತವರು ನಿರಪರಾಧಿಗಳೆಂದು ಸರ್ಕಾರ ಒಪ್ಪಿಕೊಂಡು, ಪ್ರಧಾನಿ ಡೇವಿಡ್ ಕ್ಯಾಮರೂನ್ ಸಂಸತ್ತಿನಲ್ಲಿ ಕ್ಷಮೆ ಕೇಳಲು 2010 ಬರಬೇಕಾಯಿತು. ಸತ್ಯ ಹೇಳಲು ತಡಮಾಡಿದವರು ಒಂದೇ ಪಕ್ಷದವರಲ್ಲ.

1972ರ ಜುಲೈ 21ರಂದು ಐಆರ್‌ಎ ಬೆಲ್‌ಫಾಸ್ಟಿನಲ್ಲಿ ಒಂದರ ಹಿಂದೊಂದು ಬಾಂಬ್ ಸಿಡಿಸಿ ಒಂಬತ್ತು ಜನರ ಸಾವಿಗೆ ಕಾರಣವಾಯಿತು. 1976ರ ಜನವರಿಯಲ್ಲಿ ಕಿಂಗ್ಸ್‌ಮಿಲ್ ಎಂಬಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಹತ್ತು ಪ್ರಾಟೆಸ್ಟೆಂಟ್ ಕಾರ್ಮಿಕರನ್ನು ವ್ಯಾನಿನಿಂದ ಇಳಿಸಿ ಸಾಲಾಗಿ ನಿಲ್ಲಿಸಿ ಕೊಲ್ಲಲಾಯಿತು. ಭಾರತದ ಕೊನೆಯ ವೈಸರಾಯ್ ಆಗಿದ್ದ ಮೌಂಟ್‌ಬ್ಯಾಟನ್ 1979ರ ಆಗಸ್ಟಿನಲ್ಲಿ ಸ್ಲೈಗೋ ಕಡಲತೀರದಲ್ಲಿ ದೋಣಿಯಲ್ಲಿಟ್ಟ ಬಾಂಬಿಗೆ ಬಲಿಯಾದಾಗ ಅವರ ಜೊತೆ ಹದಿಹರೆಯದ ಇಬ್ಬರು ಹುಡುಗರೂ ಸತ್ತರು. ಮೂರು ದಶಕಗಳ ಈ ಸಂಘರ್ಷದಲ್ಲಿ ಸತ್ತವರು 3,500ಕ್ಕೂ ಹೆಚ್ಚು. ಅವರಲ್ಲಿ ಸುಮಾರು 1,700 ಮಂದಿಯನ್ನು ಕೊಂದದ್ದು ಐಆರ್‌ಎ. ಉಳಿದ ಸಾವುಗಳಲ್ಲಿ ಹೆಚ್ಚಿನವಕ್ಕೆ ಬ್ರಿಟನ್ ಪರ ಸಶಸ್ತ್ರ ಗುಂಪುಗಳು ಕಾರಣ, ಹಲವು ನೂರಕ್ಕೆ ಸೈನ್ಯ ಮತ್ತು ಪೊಲೀಸರು ಕಾರಣ.

ಬಂದೂಕಿನ ನೆರಳಿನಲ್ಲಿದ್ದ ಪಕ್ಷ ಚುನಾವಣೆಯತ್ತ ಹೊರಳಿದ್ದು 1981ರಲ್ಲಿ. ಸೆರೆಮನೆಯಲ್ಲಿ ರಾಜಕೀಯ ಕೈದಿಗಳ ಸ್ಥಾನಮಾನಕ್ಕಾಗಿ ಉಪವಾಸ ಕೂತಿದ್ದ ಬಾಬಿ ಸ್ಯಾಂಡ್ಸ್ ಏಪ್ರಿಲ್ 9ರಂದು ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾಗಿ, ಮೇ 5ರಂದು, ಉಪವಾಸದ 66ನೆಯ ದಿನ, ತೀರಿಕೊಂಡರು. ಅವರ ಹಿಂದೆ ಇನ್ನೂ ಒಂಬತ್ತು ಮಂದಿ ಹೋದರು. ಆ ವರ್ಷದ ಪಕ್ಷದ ಸಮಾವೇಶದಲ್ಲಿ ಡ್ಯಾನಿ ಮಾರಿಸನ್, ಒಂದು ಕೈಯಲ್ಲಿ ಮತಪತ್ರ, ಇನ್ನೊಂದು ಕೈಯಲ್ಲಿ ಆರ್ಮಲೈಟ್ ಬಂದೂಕು ಹಿಡಿದು ನಾವು ಅಧಿಕಾರ ಹಿಡಿದರೆ ಯಾರದಾದರೂ ಆಕ್ಷೇಪವಿದೆಯೇ ಎಂದು ಕೇಳಿದರು. ಇಂದಿನವರೆಗೂ ಶಿನ್ ಫೇನ್ ವಿರೋಧಿಗಳು ಮರೆಯದೆ ಎತ್ತಿ ಹೇಳುವ ಮಾತು ಇದು. 1983ರಲ್ಲಿ ಜೆರಿ ಆಡಮ್ಸ್ ಸಂಸದರೂ ಪಕ್ಷಾಧ್ಯಕ್ಷರೂ ಆದರು. ಆಗ ಉತ್ತರದಲ್ಲಿ ಪಕ್ಷಕ್ಕೆ ಬಂದದ್ದು ಶೇ 13.4ರಷ್ಟು ಮತ. ದಕ್ಷಿಣದಲ್ಲಿ 1980ರ ದಶಕದುದ್ದಕ್ಕೂ ಅದು ಎಣಿಕೆಗೇ ಬಾರದಂತಿತ್ತು. ಅಲ್ಲಿನ ಸರ್ಕಾರ ಅದರ ವಕ್ತಾರರ ಧ್ವನಿಯನ್ನು 1994ರವರೆಗೆ ರೇಡಿಯೊ, ಟಿವಿಗಳಿಂದ ನಿಷೇಧಿಸಿತ್ತು. 1987ರಲ್ಲಿ ಎನಿಸ್‌ಕಿಲನ್ ಪಟ್ಟಣದಲ್ಲಿ ಯುದ್ಧ ಹುತಾತ್ಮರ ಸ್ಮರಣೆಗೆ ಸೇರಿದ್ದವರ ಬಳಿ ಐಆರ್‌ಎಯ ಬಾಂಬ್ ಸಿಡಿದು 11 ಜನ ಸತ್ತಾಗ, ಹೋರಾಟದ ಬಗ್ಗೆ ಮೃದು ಭಾವನೆ ಇದ್ದವರೂ ದೂರ ಸರಿದರು.

ಹಿಂಸೆಯಿಂದ ಹೊರಬರಲು ಬಾಗಿಲು ತೆರೆದವರು ಅಹಿಂಸೆಯ ಮಾರ್ಗದ ರಾಷ್ಟ್ರೀಯವಾದಿ ನಾಯಕ ಜಾನ್ ಹ್ಯೂಮ್. ಆಡಮ್ಸ್ ಜೊತೆ ಮಾತಿಗೆ ಕೂತದ್ದಕ್ಕೆ ಅವರು ಕೇಳಬೇಕಾಗಿ ಬಂದ ನಿಂದನೆ ಕಡಿಮೆಯದಲ್ಲ. 1994ರ ಆಗಸ್ಟ್ 31ರಂದು ಕದನವಿರಾಮ, 1996ರ ಫೆಬ್ರುವರಿಯಲ್ಲಿ ಲಂಡನ್ನಿನ ಬಾಂಬಿನೊಂದಿಗೆ ಅದರ ಮುರಿತ, 1997ರ ಜುಲೈಯಲ್ಲಿ ಮತ್ತೆ ಕದನವಿರಾಮ, 1998ರ ಏಪ್ರಿಲ್ 10ರಂದು ಎರಡೂ ಪಾಳಯಗಳು ಅಧಿಕಾರ ಹಂಚಿಕೊಳ್ಳುವ ಗುಡ್ ಫ್ರೈಡೇ ಒಪ್ಪಂದ. ಜನಮತಗಣನೆಯಲ್ಲಿ ಉತ್ತರದ ಶೇ 71, ದಕ್ಷಿಣದ ಶೇ 94 ಮತದಾರರು ಅದನ್ನು ಒಪ್ಪಿದರು. ಒಪ್ಪಂದದ ಷರತ್ತಿನಂತೆ ಎರಡು ವರ್ಷಗಳೊಳಗೆ ಕೈದಿಗಳು ಬಿಡುಗಡೆಯಾದರು, ಮತ್ತು ಕೊಂದವರು ಅದೇ ಬೀದಿಗಳಲ್ಲಿ ಓಡಾಡುವುದನ್ನು ನೋಡುವ ಭಾರ ಸತ್ತವರ ಮನೆಯವರ ಪಾಲಿಗೆ ಬಂತು. ಹ್ಯೂಮ್‌ಗೆ ನೊಬೆಲ್ ಬಂತು. ಅವರ ಪಕ್ಷವನ್ನು ಮಾತ್ರ 2001ರಲ್ಲೇ ಶಿನ್ ಫೇನ್ ಹಿಂದಿಕ್ಕಿತು. ಎಂದೂ ಕೋವಿ ಹಿಡಿಯದವರಿಗಿಂತ ಕೋವಿ ಕೆಳಗಿಟ್ಟವರಿಗೆ ಹೆಚ್ಚು ಮತ ಬಿದ್ದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಒಪ್ಪಂದವಾದರೂ ಶಸ್ತ್ರಗಳು ಪೂರ್ತಿ ನಿಷ್ಕ್ರಿಯವಾಗಲು 2005ರ ಸೆಪ್ಟೆಂಬರ್ ಆಯಿತು. ಆ ನಡುವಿನ ಏಳು ವರ್ಷಗಳೇ ವಿಶ್ವಾಸಕ್ಕೆ ಬಿದ್ದ ಅತಿ ದೊಡ್ಡ ಪೆಟ್ಟು ಎಂದು ನಾನು ಭಾವಿಸುತ್ತೇನೆ. 2004ರ ಡಿಸೆಂಬರಿನಲ್ಲಿ ಬೆಲ್‌ಫಾಸ್ಟಿನ ನಾರ್ದರ್ನ್ ಬ್ಯಾಂಕಿನಿಂದ 2.65 ಕೋಟಿ ಪೌಂಡ್ ದರೋಡೆಯಾಯಿತು. ಪೊಲೀಸರು ಮತ್ತು ಎರಡೂ ಸರ್ಕಾರಗಳು ಬೊಟ್ಟು ಮಾಡಿದ್ದು ಐಆರ್‌ಎ ಕಡೆಗೆ, ಅದು ನಿರಾಕರಿಸಿತು. ಮರುತಿಂಗಳು ಪಾನಗೃಹವೊಂದರ ಜಗಳದ ನಂತರ ರಾಬರ್ಟ್ ಮ್ಯಾಕಾರ್ಟ್ನಿ ಎಂಬ ಕ್ಯಾಥೊಲಿಕ್ ಯುವಕನನ್ನು ಐಆರ್‌ಎ ಸದಸ್ಯರು ಕೊಂದು, ಸಾಕ್ಷ್ಯ ಅಳಿಸಿ, ನೋಡಿದವರ ಬಾಯಿ ಮುಚ್ಚಿಸಿದರು. ಶಿನ್ ಫೇನ್ ಬೆಂಬಲಿಗರೇ ಆಗಿದ್ದ ಆ ಮನೆಯ ಅಕ್ಕತಂಗಿಯರು ನ್ಯಾಯ ಕೇಳಿ ಹೊರಬಂದಾಗ, ತಪ್ಪಿತಸ್ಥರನ್ನು ತಾನೇ ಗುಂಡಿಕ್ಕಿ ಕೊಲ್ಲುವುದಾಗಿ ಐಆರ್‌ಎ ಮುಂದೆ ಬಂತು. ನ್ಯಾಯಾಲಯ ಎಂಬುದೊಂದಿದೆ ಎಂಬ ಅರಿವೇ ಆ ಸಂಘಟನೆಗೆ ಇರಲಿಲ್ಲ ಎಂಬುದು ಆ ಒಂದು ಹೇಳಿಕೆಯಿಂದ ಜಗತ್ತಿಗೆ ತಿಳಿಯಿತು. ಪಕ್ಷ ಪೊಲೀಸ್ ವ್ಯವಸ್ಥೆಯನ್ನು ಒಪ್ಪಿಕೊಂಡದ್ದು 2007ರ ಜನವರಿಯಲ್ಲಿ. ಆ ಮೇ ತಿಂಗಳಲ್ಲಿ ಐಆರ್‌ಎಯ ಮಾಜಿ ನಾಯಕ ಮಾರ್ಟಿನ್ ಮ್ಯಾಕ್‌ಗಿನಿಸ್, ಜೀವಮಾನವಿಡೀ ಅವರನ್ನು ದ್ವೇಷಿಸಿದ್ದ ಯೂನಿಯನಿಸ್ಟ್ ನಾಯಕ ಇಯಾನ್ ಪೇಸ್ಲಿ ಜೊತೆ ಸರ್ಕಾರ ನಡೆಸಲು ಕೂತರು. 2012ರಲ್ಲಿ, ಮೌಂಟ್‌ಬ್ಯಾಟನ್ ಅವರ ಬಂಧುವಾದ ರಾಣಿ ಎಲಿಜಬೆತ್ ಅವರ ಕೈ ಕುಲುಕಿದರು.

ಮ್ಯಾಕ್‌ಗಿನಿಸ್ ತಾವು ಐಆರ್‌ಎಯಲ್ಲಿದ್ದುದನ್ನು ಒಪ್ಪಿಕೊಂಡಿದ್ದರು, ಆದರೆ 1974ರಲ್ಲೇ ಬಿಟ್ಟೆ ಎಂದರು. ಅದನ್ನು ನಂಬಿದವರು ಕಡಿಮೆ. ಆಡಮ್ಸ್ ತಾವೆಂದೂ ಸದಸ್ಯರೇ ಆಗಿರಲಿಲ್ಲ ಎಂದು ಹೇಳುತ್ತಲೇ ಬಂದಿದ್ದಾರೆ. ಅವರ ಮೇಲಿನ ಆರೋಪಗಳು ನ್ಯಾಯಾಲಯದಲ್ಲಿ ರುಜುವಾತಾಗಿಲ್ಲ. 2025ರ ಮೇ ತಿಂಗಳಲ್ಲಿ ಬಿಬಿಸಿ ವಿರುದ್ಧದ ಮಾನನಷ್ಟ ಮೊಕದ್ದಮೆಯನ್ನು ಡಬ್ಲಿನ್ನಿನಲ್ಲಿ ಗೆದ್ದು ಒಂದು ಲಕ್ಷ ಯೂರೊ ಪರಿಹಾರವನ್ನೂ ಪಡೆದರು. ಕಾನೂನಿನ ಕಣ್ಣಿಗೆ ಅಷ್ಟು ಸಾಕು. ಆದರೆ ಹತ್ತು ಮಕ್ಕಳ ತಾಯಿ ಜೀನ್ ಮ್ಯಾಕಾನ್‌ವಿಲ್ ಅವರನ್ನು 1972ರ ಡಿಸೆಂಬರಿನಲ್ಲಿ ಮನೆಯಿಂದ ಎಳೆದೊಯ್ದು ಕೊಂದು ಗುಟ್ಟಾಗಿ ಹೂತ ಐಆರ್‌ಎ, ಆ ಸತ್ಯವನ್ನು ಒಪ್ಪಲು 1999ರವರೆಗೆ ತೆಗೆದುಕೊಂಡಿತು. ದೇಹ ಸಿಕ್ಕಿದ್ದು 2003ರಲ್ಲಿ, ಲೌತ್ ಕೌಂಟಿಯ ಕಡಲತೀರದಲ್ಲಿ. ತಾಯಿ ಬಿಟ್ಟುಹೋದಳೆಂಬ ಸುಳ್ಳಿನ ಕೆಳಗೆ ಬೆಳೆದ ಆ ಮಕ್ಕಳ ಮುಂದೆ ಸದಸ್ಯತ್ವದ ವಾದ ತೀರಾ ಸಣ್ಣದು.

ಹೊಸ ತಲೆಮಾರಿಗೆ ಇವೆಲ್ಲ ಪಠ್ಯಪುಸ್ತಕದ ಸಂಗತಿ. 2018ರಲ್ಲಿ ಆಡಮ್ಸ್ ಜಾಗಕ್ಕೆ ಬಂದ ಮೇರಿ ಲೂ ಮ್ಯಾಕ್‌ಡೊನಾಲ್ಡ್ ಡಬ್ಲಿನ್ನಿನವರು, ಸಂಘರ್ಷದಲ್ಲಿ ಪಾತ್ರವಿಲ್ಲದವರು. ಬಾಡಿಗೆ ಏರಿಕೆ, ಮನೆ ಸಿಗದ ಸಂಕಟ, ಆಸ್ಪತ್ರೆಗಳ ಸಾಲುಗಳು ಚುನಾವಣೆಯ ವಿಷಯವಾದ 2020ರ ಫೆಬ್ರುವರಿಯಲ್ಲಿ ಅವರ ಪಕ್ಷ ಶೇ 24.5ರಷ್ಟು ಮತ ಪಡೆದು, ಇತರ ಎರಡೂ ದೊಡ್ಡ ಪಕ್ಷಗಳನ್ನು ಮತಗಳಿಕೆಯಲ್ಲಿ ಹಿಂದಿಕ್ಕಿ, 37 ಸ್ಥಾನ ಗೆದ್ದಿತು. ಅದನ್ನು ಅಧಿಕಾರದಿಂದ ದೂರವಿಡಲು ಅಂತರ್ಯುದ್ಧದ ಕಾಲದಿಂದ ಎದುರಾಳಿಗಳಾಗಿದ್ದ ಫಿಯಾನ ಫಾಲ್, ಫೀನ ಗೇಲ್ ಮೊದಲ ಬಾರಿಗೆ ಕೈಜೋಡಿಸಿದವು. ಅವರು ಮುಂದಿಟ್ಟ ಪ್ರಶ್ನೆ ಹಿಂದಿನ ಹಿಂಸೆಯಷ್ಟೇ ಅಲ್ಲ, ಪಕ್ಷದಲ್ಲಿ ತೀರ್ಮಾನ ಮಾಡುವವರು ಯಾರು ಎಂಬುದು. 2015ರಲ್ಲಿ ಬ್ರಿಟಿಷ್ ಸರ್ಕಾರ ಪ್ರಕಟಿಸಿದ ಗುಪ್ತಚರ ಮೌಲ್ಯಮಾಪನವೊಂದು, ಐಆರ್‌ಎಯ ‘ಆರ್ಮಿ ಕೌನ್ಸಿಲ್’ ಕುಗ್ಗಿದ ರೂಪದಲ್ಲಿ ಉಳಿದಿದೆ ಮತ್ತು ಅದು ಪಕ್ಷದ ಮೇಲೂ ಕಣ್ಣಿಟ್ಟಿದೆ ಎಂದು ಐಆರ್‌ಎ ಸದಸ್ಯರು ನಂಬಿದ್ದಾರೆ ಎಂದಿತ್ತು. ಪಕ್ಷ ಅದನ್ನು ತಳ್ಳಿಹಾಕಿತು.

ಸಂಶಯವನ್ನು ಜೀವಂತವಾಗಿಡುವ ಕೆಲಸವನ್ನು ಪಕ್ಷದವರೇ ಆಗಾಗ ಮಾಡಿದ್ದಾರೆ. ಕಿಂಗ್ಸ್‌ಮಿಲ್ ಹತ್ಯಾಕಾಂಡದ ವಾರ್ಷಿಕ ದಿನದಂದು ಅದೇ ಹೆಸರಿನ ಬ್ರೆಡ್ಡನ್ನು ತಲೆ ಮೇಲಿಟ್ಟುಕೊಂಡು ವಿಡಿಯೊ ಮಾಡಿದ ಸಂಸದ ಬ್ಯಾರಿ ಮೆಕೆಲ್‌ಡಫ್ 2018ರಲ್ಲಿ ರಾಜೀನಾಮೆ ಕೊಡಬೇಕಾಯಿತು. 2022ರಲ್ಲಿ ಓನೀಲ್, ಆ ಕಾಲದಲ್ಲಿ ಸಶಸ್ತ್ರ ಹೋರಾಟದ ಹೊರತು ಬೇರೆ ದಾರಿ ಇರಲಿಲ್ಲ ಎಂದರು. ಹ್ಯೂಮ್ ಮತ್ತು ಅವರ ಸಂಗಡಿಗರು ಮೂವತ್ತು ವರ್ಷ ನಡೆದ ದಾರಿ ಕಣ್ಣೆದುರಿಗೇ ಇದ್ದಾಗ ಆ ಮಾತು ಸತ್ಯಕ್ಕೆ ದೂರ. ಆದರೆ ಅದೇ ಓನೀಲ್ 2023ರಲ್ಲಿ ರಾಜ ಚಾರ್ಲ್ಸ್ ಪಟ್ಟಾಭಿಷೇಕಕ್ಕೂ, 2024ರ ನವೆಂಬರಿನಲ್ಲಿ ಬೆಲ್‌ಫಾಸ್ಟಿನ ಯುದ್ಧಸ್ಮಾರಕಕ್ಕೆ ಪುಷ್ಪಚಕ್ರ ಇಡಲೂ ಹೋದರು; ಎನಿಸ್‌ಕಿಲನ್ ನೆನಪಿರುವವರಿಗೆ ಇದು ಸಣ್ಣ ಹೆಜ್ಜೆಯಲ್ಲ. 2024ರ ನವೆಂಬರಿನ ಸಾರ್ವತ್ರಿಕ ಚುನಾವಣೆಯಲ್ಲಿ ಗಣರಾಜ್ಯದಲ್ಲಿ ಪಕ್ಷದ ಮತ ಶೇ 19ಕ್ಕೆ ಇಳಿಯಿತು. ವಲಸೆಯ ಬಗೆಗಿನ ಅಸಮಾಧಾನ ಕಾರ್ಮಿಕ ಬಡಾವಣೆಗಳ ಮತವನ್ನು ಕಸಿದದ್ದು ಒಂದು ಕಾರಣ. ಮಕ್ಕಳ ವಿರುದ್ಧದ ಅಪರಾಧದ ತನಿಖೆಗೊಳಗಾಗಿದ್ದ ಮಾಜಿ ನೌಕರನೊಬ್ಬನಿಗೆ ಪಕ್ಷದ ಸಿಬ್ಬಂದಿಯೇ ಶಿಫಾರಸು ಪತ್ರ ಕೊಟ್ಟಿದ್ದ ಪ್ರಕರಣ ಚುನಾವಣೆಗೆ ಮುನ್ನ ಹೊರಬಂದದ್ದು ಇನ್ನೊಂದು. ಒಳಗಿನದನ್ನು ಒಳಗೇ ಮುಗಿಸುವ ಹಳೆಯ ಅಭ್ಯಾಸ ಇನ್ನೂ ಹೋಗಿಲ್ಲವೆಂದು ಟೀಕಾಕಾರರು ಹೇಳಿದರೆ ಉತ್ತರಿಸುವುದು ಕಷ್ಟವಾಯಿತು.

ಗುಟ್ಟಾಗಿ ಹೂತವರ ಅವಶೇಷ ಹುಡುಕಲು 1999ರಲ್ಲಿ ಎರಡು ಸರ್ಕಾರಗಳು ಸೇರಿ ರಚಿಸಿದ ಆಯೋಗಕ್ಕೆ ಕೊಟ್ಟ ಮಾಹಿತಿಯನ್ನು ನ್ಯಾಯಾಲಯದಲ್ಲಿ ಬಳಸುವಂತಿಲ್ಲ. ಆ ರಕ್ಷಣೆ ಇದ್ದುದರಿಂದಲೇ ಹೆಚ್ಚಿನ ದೇಹಗಳು ಮನೆಯವರ ಕೈ ಸೇರಿದವು. 2025ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಮತ್ತು ಐರ್ಲೆಂಡ್ ಸರ್ಕಾರಗಳು ಹಳೆಯ ಪ್ರಕರಣಗಳಿಗಾಗಿ ಪ್ರಕಟಿಸಿದ ಹೊಸ ಚೌಕಟ್ಟಿನಲ್ಲಿ ಇದೇ ಬಗೆಯ ಮಾಹಿತಿ ಸಂಗ್ರಹದ ವ್ಯವಸ್ಥೆಯೊಂದನ್ನು ಇತರ ಕೊಲೆಗಳಿಗೂ ವಿಸ್ತರಿಸುವ ಯೋಜನೆಯಿದೆ. ಅದು ಕೆಲಸಕ್ಕೆ ಇಳಿದಾಗ ಐಆರ್‌ಎಯ ವೃದ್ಧ ಸದಸ್ಯರು ಬಂದು ಮಾತನಾಡುತ್ತಾರೆಯೇ, ಮಾತನಾಡಿರೆಂದು ಶಿನ್ ಫೇನ್ ನಾಯಕತ್ವ ಅವರಿಗೆ ಬಹಿರಂಗವಾಗಿ ಹೇಳುತ್ತದೆಯೇ ಎಂಬುದನ್ನು ಸತ್ತವರ ಮಕ್ಕಳು, ಈಗ ತಾವೇ ಅಜ್ಜ ಅಜ್ಜಿಯರಾಗಿರುವವರು, ಕಾದು ನೋಡುತ್ತಿದ್ದಾರೆ.