ಹಿಟ್ಟಿನ ಕೊಟ್ಟೆಯಲ್ಲಿ ಹಿಟ್ಟಲ್ಲದ್ದು ಏನು?

ಹೋದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಬೆಳೆಗಾರರೊಬ್ಬರು ಹಾಸನದಲ್ಲಿ ಹಿಟ್ಟಿನ ಕೊಟ್ಟೆ ತಯಾರಿಸುವ ನಮ್ಮ ಘಟಕಕ್ಕೆ ಬಂದಿದ್ದರು. ಕೈಯಲ್ಲಿ ಕಾಫಿ ಸಸಿ ಬೆಳೆಸುವ ಎರಡು ಕೊಟ್ಟೆ, ಅಂದರೆ ಪುಟ್ಟ ಚೀಲ. ಎರಡನ್ನೂ ‘ಸ್ಟಾರ್ಚ್‌ನದು’ ಅಂತ ಹೇಳಿ ಮಾರಿದ್ದರಂತೆ. ಒಂದು ಎರಡೇ ವಾರದ ಮಳೆಗೆ ಲೊಳಲೊಳ ಆಗಿ ಹರಿದಿತ್ತು. ಇನ್ನೊಂದು ಎರಡು ವರ್ಷ ಗಿಡದ ಬುಡದಲ್ಲಿದ್ದೂ ಕರಗಿರಲಿಲ್ಲ, ಮುಟ್ಟಿದರೆ ಚೂರುಚೂರಾಗುತ್ತಿತ್ತು. “ಇದರಲ್ಲಿ ಯಾವುದು ಸುಳ್ಳು, ಸಾರ್?” ಅಂದರು.

ಎರಡರ ಮೇಲೂ ಒಂದೊಂದು ಹನಿ ಅಯೋಡಿನ್ ಬಿಟ್ಟೆ. ಎರಡೂ ಕಡುನೀಲಿ ತಿರುಗಿದವು. ಅಂದರೆ ಎರಡರಲ್ಲೂ ಸ್ಟಾರ್ಚ್, ಅಂದರೆ ಪಿಷ್ಟ, ಇದ್ದದ್ದು ನಿಜ. ಕೇಳಬೇಕಾದದ್ದು ಅದರ ಜೊತೆಗೆ ಏನು ಬೆರೆಸಿದ್ದಾರೆ ಅನ್ನೋದು.

ಸ್ಟಾರ್ಚ್ ಪುಡಿಯನ್ನು ಹಾಗೇ ಕಾಯಿಸಿದರೆ ಪ್ಲಾಸ್ಟಿಕ್‌ನಂತೆ ಕರಗುವುದಿಲ್ಲ. ಕರಗುವ ಮೊದಲೇ ಸೀದು ಹೋಗುತ್ತದೆ. ಸ್ವಲ್ಪ ನೀರು, ಸ್ವಲ್ಪ ಗ್ಲಿಸರಿನ್ ಸೇರಿಸಿ, ಮುದ್ದೆಯನ್ನು ಒತ್ತಿ ಹೊರತಳ್ಳುವ ಯಂತ್ರವಾದ ಎಕ್ಸ್‌ಟ್ರೂಡರ್‌ನ ಸ್ಕ್ರೂನಲ್ಲಿ ಬಿಸಿಯಾಗಿ ತಿರುವಿದರೆ ಕಾಳು ಒಡೆದು ಹರಿಯುವ ಮುದ್ದೆಯಾಗುತ್ತದೆ. ಸಂಡಿಗೆ ಹಿಟ್ಟು ಕಾಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಗ್ಲಿಸರಿನ್ ಯಾಕೆ ಅಂದರೆ, ನೀರು ಆರಿ ಹೋಗುತ್ತದೆ, ಅದು ಉಳಿಯುತ್ತದೆ.

ಈ ಮುದ್ದೆಯಿಂದಲೇ ಕೊಟ್ಟೆ ಮಾಡಬಹುದು. ಆದರೆ ಮಲೆನಾಡಿನ ಮಳೆಯಲ್ಲಿ ಅದು ತೆರೆದಿಟ್ಟ ಹಪ್ಪಳದಂತೆ ಮೆತ್ತಗಾಗುತ್ತದೆ. ಒಳಗಿಟ್ಟರೂ ನೆಮ್ಮದಿಯಿಲ್ಲ. ತಂಗಳನ್ನ ಬಿರುಸಾಗುತ್ತದಲ್ಲ, ಹಾಗೆ ಸ್ಟಾರ್ಚ್‌ನ ಎಳೆಗಳು ದಿನ ಕಳೆದಂತೆ ಮತ್ತೆ ಒತ್ತಾಗಿ ಜೋಡಿಸಿಕೊಳ್ಳುತ್ತವೆ. ಫಿಲ್ಮ್, ಅಂದರೆ ಕೊಟ್ಟೆಯ ತೆಳು ಹಾಳೆ, ಪಟಪಟ ಒಡೆಯುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ತಯಾರಾದ ಪ್ಲಾಸ್ಟಿಕ್ಕಿನ ಜೊತೆ ಬೇಕು.

1970ರ ದಶಕದಲ್ಲೇ ಇಂಗ್ಲೆಂಡಿನ ವಿಜ್ಞಾನಿ ಗ್ರಿಫಿನ್ ಒಣ ಸ್ಟಾರ್ಚ್ ಪುಡಿಯನ್ನು ಪಾಲಿಥೀನ್‌ಗೆ ಬೆರೆಸಿದ್ದರು. ಕೆಲಸ ಸುಲಭ, ಖರ್ಚೂ ಕಡಿಮೆ. ಆದರೆ ಪಾಲಿಥೀನ್ ಎಣ್ಣೆಯ ಜಾತಿ, ಸ್ಟಾರ್ಚ್ ನೀರಿನ ಜಾತಿ. ಸುಮ್ನೆ ಕಲಸಿದರೆ ಪುಡಿ ಪುಡಿಯಾಗೇ ಕೂರುತ್ತದೆ, ಜಾಸ್ತಿ ಹಾಕಿದಷ್ಟೂ ಫಿಲ್ಮ್ ಬಲ ಕಳೆದುಕೊಳ್ಳುತ್ತದೆ. ಎರಡನ್ನೂ ಹಿಡಿದಿಡಲು ಮಲೇಯಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕ ಅಂಟಿಸಿದ ಪಾಲಿಥೀನ್ ಸ್ವಲ್ಪ ಹಾಕುತ್ತಾರೆ. ಅದರ ಒಂದು ಕೈ ಎಣ್ಣೆ ಕಡೆ, ಇನ್ನೊಂದು ನೀರಿನ ಕಡೆ. ಫಿಲ್ಮ್ ಗಟ್ಟಿಯಾಗುತ್ತದೆ ನಿಜ, ಆದರೆ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಸ್ಟಾರ್ಚ್ ತಿಂದು ಪಾಲಿಥೀನನ್ನು ಮುಟ್ಟದೆ ಬಿಡುತ್ತವೆ. ತೂತುತೂತಾದ ಪ್ಲಾಸ್ಟಿಕ್ ಚೂರಾಗಿ ತೋಟದಲ್ಲೇ ಉಳಿಯುತ್ತದೆ. ಬೆಳೆಗಾರರ ಎರಡನೇ ಕೊಟ್ಟೆಯ ಕಥೆ ಅದೇ. ನನ್ನ ಮಟ್ಟಿಗೆ ಇದು ಇಡೀ ಪಾಲಿಥೀನ್‌ಗಿಂತ ಕೆಟ್ಟದ್ದು. ಇಡೀ ಕೊಟ್ಟೆಯನ್ನಾದರೂ ಆರಿಸಿ ತೆಗೆಯಬಹುದಿತ್ತು.

ನಾವು ಈಗ ಬೆರೆಸುವುದು ಪಿಬಿಎಟಿ ಎಂಬ ಇನ್ನೊಂದು ಪ್ಲಾಸ್ಟಿಕ್. ಇದನ್ನೂ ಪೆಟ್ರೋಲಿಯಂನಿಂದಲೇ ಮಾಡುತ್ತಾರೆ, ಆದರೂ ಸೂಕ್ಷ್ಮಜೀವಿಗಳು ಇದನ್ನು ಅರಗಿಸಿಕೊಳ್ಳುತ್ತವೆ. ಕೇಳಿದವರಿಗೆಲ್ಲ ಆಶ್ಚರ್ಯ. ಸುಮಾರು 120 ಡಿಗ್ರಿಗೆ ಕರಗುವುದರಿಂದ ಸ್ಟಾರ್ಚ್ ಸೀಯುವ ಭಯವೂ ಕಡಿಮೆ. ದುಬಾರಿ, ಹಾಗಾಗಿ ಸ್ಟಾರ್ಚ್ ಪಾಲು ಹೆಚ್ಚಿಸುವ ಆಸೆ ಎಲ್ಲರಿಗೂ ಇರುತ್ತದೆ, ನನಗೂ.

ಮೊದಲ ಸಲ ನಾನು ಎಡವಿದ್ದು ತೇವದಲ್ಲಿ. ಮೆಕ್ಕೆಜೋಳದ ಸ್ಟಾರ್ಚ್ ನೋಡಲು ಒಣಗಿದಂತಿದ್ದರೂ ನೂರಕ್ಕೆ ಹನ್ನೆರಡು ಪಾಲಿನಷ್ಟು ನೀರು ಹಿಡಿದಿರುತ್ತದೆ. ಜುಲೈ ತಿಂಗಳು, ಬೆರೆಸಿದ ಮಾಲಿನ ದಾಣವನ್ನು, ಅಂದರೆ ಸಣ್ಣ ಕಾಳನ್ನು, ಒಣಗಿಸದೆ ಯಂತ್ರದ ಬಾಯಿಗೆ ಸುರಿದೆ. ಯಂತ್ರದ ಅಚ್ಚಿನಿಂದ ಬಂದದ್ದು ಫಿಲ್ಮ್ ಅಲ್ಲ, ನೀರ್ ದೋಸೆ. ಮೈತುಂಬ ತೂತು.

“ಹಾಸನದ ಆಲೂಗಡ್ಡೆಯಿಂದಲೇ ಮಾಡಬಹುದಲ್ವಾ?” ಅಂತ ತುಂಬ ಜನ ಕೇಳುತ್ತಾರೆ. ಮಾಡಬಹುದು. ಆದರೆ ನೂರು ಕಿಲೋ ಆಲೂಗಡ್ಡೆಯಲ್ಲಿ ಸ್ಟಾರ್ಚ್ ಹದಿನೈದು ಕಿಲೋ ಆಸುಪಾಸು, ಮೆಕ್ಕೆಜೋಳದಲ್ಲಿ ಎಪ್ಪತ್ತರ ಹತ್ತಿರ. ಆಲೂಗಡ್ಡೆ ಪಲ್ಯಕ್ಕೇ ಇರಲಿ.

ಇನ್ನು ‘ಕಾಂಪೋಸ್ಟ್ ಆಗುತ್ತದೆ’ ಎಂಬ ಮಾತು. ಅದರ ಪರೀಕ್ಷೆ ನಡೆಯುವುದು 58 ಡಿಗ್ರಿ ಬಿಸಿಯಲ್ಲಿ, 180 ದಿನದೊಳಗೆ ನೂರಕ್ಕೆ ತೊಂಬತ್ತು ಪಾಲು ಸೂಕ್ಷ್ಮಜೀವಿಗಳಿಗೆ ಅರಗಬೇಕು. ಮನೆ ಹಿಂದಿನ ತಿಪ್ಪೆಯಲ್ಲಿ ಆ ಬಿಸಿ ಸದಾ ಇರುವುದಿಲ್ಲ, ಮರದ ನೆರಳಿನ ಮಣ್ಣಿನಲ್ಲಂತೂ ಇಲ್ಲವೇ ಇಲ್ಲ. ಅಲ್ಲಿ ನಿಧಾನ.

ಬೆಳೆಗಾರರಿಗೆ ಬೇಕಿದ್ದ ಲೆಕ್ಕ ಬೇರೆ. ಫೆಬ್ರವರಿ ಸುಮಾರಿಗೆ ಟೋಪಿ ಹಂತದ, ಅಂದರೆ ಮೊಳೆತು ಹೆಚ್ಚು ದಿನವಾಗದ, ಸಸಿ ಕೊಟ್ಟೆಗೆ ಹೋದರೆ ಮಳೆ ಹಿಡಿದ ಮೇಲೆ ನೆಡುವವರೆಗೂ, ದಿನಾ ನೀರು ಕುಡಿದೂ, ಅದು ನಿಲ್ಲಬೇಕು. ಆಮೇಲೆ ಬೇರಿಗೆ ದಾರಿ ಬಿಡಬೇಕು. ಈ ಸಲ ಐವತ್ತು ಸಸಿಗೆ ನಮ್ಮ ಕೊಟ್ಟೆ ಕೊಟ್ಟಿದ್ದೆ. ಏಪ್ರಿಲ್‌ನಲ್ಲೇ ಫೋನ್ ಬಂತು, ಆರು ಕೊಟ್ಟೆಯ ತಳ ಬಿಟ್ಟಿದೆಯಂತೆ. ಸ್ಟಾರ್ಚ್ ಇನ್ನೂ ಸ್ವಲ್ಪ ಇಳಿಸುತ್ತಿದ್ದೇನೆ.